ನಾಲ್ಕು ಬೆರಳು ಮಡಿಕೆ

ಈ ಬಿಳಿ ಫ್ರಾಕಿನ ಅಂಚನ್ನು ನೋಡಿದವರು ಯಾರೂ ಇದನ್ನು ಹೊಲಿದವರು ಯಾರೆಂದು ಕೇಳುವುದಿಲ್ಲ. ಹೊಲಿದವರು ಎದುರಿಗೇ ಇದ್ದರೆ ಪಾಪ, ಬೇಜಾರಾದೀತು ಅಂತ ಇರಬೇಕು. ಕಳೆದ ವಾರ ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿದಾಗ ಅದು ಸಿಕ್ಕಿತು. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ... ತೆಂಗಿನೆಣ್ಣೆಯ ದೀಪದ್ದೋ, ಏಲಕ್ಕಿಯದ್ದೋ. ಇಪ್ಪತ್ತು ವರ್ಷ ಬಟ್ಟೆಯಲ್ಲಿ ವಾಸನೆ ಉಳಿಯುವುದಿಲ್ಲ ಎಂದು ಮಗಳು ವಾದಿಸಿದಳು. ಇರಬಹುದು. ನನ್ನ ಮೂಗಿಗಂತೂ ಬಂತು, ಅದರ ಹಿಂದೆಯೇ ಆಗ ಎದುರು ಫ್ಲಾಟಿನಲ್ಲಿದ್ದ ಮಾವ್ಶಿಯೂ ನೆನಪಿಗೆ ಬಂದರು.

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಈ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮದು ಎಡಗಡೆಯ ಬಾಗಿಲು, ಅವರದು ಬಲಗಡೆಯದು. ನಾವು ಉಡುಪಿ ಕಡೆಯ ಕೊಂಕಣಿ ಕೆಥೊಲಿಕರು. ಅವರು ಮುಂಬೈ ಹತ್ತಿರದ ಕೊಂಕಣದವರು, ಮನೆಮಾತು ಮರಾಠಿ. ತಾಯಿಯ ತಂಗಿಯನ್ನು ಕರೆಯುವ ಶಬ್ದ ಎರಡು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೊದಲ ದಿನವೇ ಮಾವ್ಶಿಯಾಗಿಬಿಟ್ಟರು. ಮನೆಯಲ್ಲೇ ಹೊಲಿಗೆ ಮಿಶನ್ ಇಟ್ಟುಕೊಂಡು ಕಟ್ಟಡದ ಹೆಂಗಸರಿಗೆಲ್ಲ ಹೊಲಿದುಕೊಡುತ್ತಿದ್ದರು. ನನ್ನ ಕೊಂಕಣಿ, ಅವರ ಮರಾಠಿ, ಎರಡೂ ಸೋತಲ್ಲಿ ಹಿಂದಿ. ನಮಗೆ ಮಾತಿಗೇನೂ ಬರಗಾಲವಿರಲಿಲ್ಲ.

ಶನಿವಾರ ಮಾತ್ರ ಆ ಮಿಶನ್ನಿನ ಸದ್ದು ಕೇಳಿಸುತ್ತಿರಲಿಲ್ಲ. ಒಂದು ದಿನ ಯಾಕೆ ಅಂತ ಕೇಳಿದೆ. "ನಾವು ಯಹೂದಿಗಳು, ಪೋರಿ" ಅಂದರು, ಬೆಂಡೆಕಾಯಿ ಹೆಚ್ಚುತ್ತಾ. ನನ್ನ ಬಾಯಿಂದ ಹೊರಟದ್ದು, "ಅಯ್ಯೋ, ಬೈಬಲಿನವರಾ?" ಅಂತ. ಮಾವ್ಶಿ ಚೂರಿ ಕೆಳಗಿಟ್ಟು ನಕ್ಕರು. ಕೊಂಕಣದಲ್ಲಿ ಎಷ್ಟೋ ತಲೆಮಾರಿನಿಂದ ಇರುವ ಮನೆತನಗಳಂತೆ. ಕುಲಕಸುಬು ಗಾಣದಲ್ಲಿ ಎಣ್ಣೆ ತೆಗೆಯುವುದು. ಶನಿವಾರ ಗಾಣ ತಿರುಗಿಸದ ಕಾರಣ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. "ಅಜ್ಜಂದಿರು ಎಳ್ಳಿನಿಂದ ಎಣ್ಣೆ ತೆಗೆದರು, ನಮ್ಮ ಯಜಮಾನರು ಸಮುದ್ರದ ಅಡಿಯಿಂದ ತೆಗೆಯುತ್ತಾರೆ. ಕಸುಬು ಬಿಟ್ಟಿಲ್ಲ ನೋಡು" ಅಂದರು. ಅವರ ಗಂಡ ಕಡಲ ನಡುವಿನ ರಿಗ್ಗಿನಲ್ಲಿ ಕೆಲಸಕ್ಕಿದ್ದು ಎರಡೆರಡು ವಾರ ಮನೆಗೆ ಬರುತ್ತಿರಲಿಲ್ಲ.

ಈ ವಿಷಯವನ್ನು ಅವರು ಕೇಳಿದವರಿಗೆ ಮುಚ್ಚಿಡುತ್ತಿರಲಿಲ್ಲ, ಕೇಳದವರಿಗೆ ಡಂಗುರ ಸಾರುತ್ತಲೂ ಇರಲಿಲ್ಲ. ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ ಬೆರಳುದ್ದದ ಒಂದು ಡಬ್ಬಿಯನ್ನು ಎರಡು ಮೊಳೆ ಹೊಡೆದು ಸ್ವಲ್ಪ ಓರೆಯಾಗಿ ಕೂರಿಸಿದ್ದರು. ಒಳಗೆ ಪ್ರಾರ್ಥನೆ ಬರೆದ ಸುರುಳಿ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಾಗಿಸುತ್ತಿದ್ದರು. ನಾವು ಶಿಲುಬೆ ಮುಟ್ಟಿ ಮಾಡುವುದೂ ಅದನ್ನೇ, ಹಾಗಾಗಿ ನನಗೆ ಹೊಸತೆನಿಸಲಿಲ್ಲ.

ವಾರದ ದಿನಗಳ ಲೆಕ್ಕದಲ್ಲಿ ಮಾತ್ರ ನಾವಿಬ್ಬರೂ ಬೇರೆ ಬೇರೆ. ಗಲ್ಫಿನಲ್ಲಿ ರಜೆ ಶುಕ್ರವಾರವಾದ್ದರಿಂದ ನಾವು ಕೆಥೊಲಿಕರು ಭಾನುವಾರದ ಪೂಜೆಯನ್ನೇ ಶುಕ್ರವಾರಕ್ಕೆ ತಂದುಕೊಂಡಿದ್ದೆವು. ಮಾವ್ಶಿ ಶನಿವಾರವನ್ನು ಒಂದಿಂಚೂ ಸರಿಸಲಿಲ್ಲ. ಗುರುವಾರ-ಶುಕ್ರವಾರವಿದ್ದ ವಾರದ ರಜೆ ಶುಕ್ರವಾರ-ಶನಿವಾರಕ್ಕೆ ಬದಲಾಯಿತಲ್ಲ, ಆ ದಿನ ಅವರ ಖುಷಿ ನೋಡಬೇಕಿತ್ತು. "ಕಡೆಗೂ ಇಡೀ ದೋಹಾ ನಮ್ಮ ಮನೆಯ ಕ್ಯಾಲೆಂಡರಿಗೆ ಬಂತು" ಎಂದು ಮೂರೂ ಮಹಡಿಗೆ ಶೀರಾ ಹಂಚಿದರು. ಯಾವ ಸಂತೋಷಕ್ಕೆ ಎಂದು ತಿಂದವರಿಗೆ ಗೊತ್ತಿರಲಿಲ್ಲ, ಬಟ್ಟಲು ಮಾತ್ರ ಎಲ್ಲರೂ ಖಾಲಿ ಮಾಡಿದರು.

ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಅಡುಗೆ ಮುಗಿಯಬೇಕು, ಮಿಶನ್ನಿನ ಮೇಲೆ ಹಳೇ ಹಸಿರು ಸೀರೆಯ ತುಂಡು ಬೀಳಬೇಕು. ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ತೆಂಗಿನೆಣ್ಣೆ, ಬತ್ತಿ. ದೀಪ ಹಚ್ಚಿ ಎರಡು ಕೈಯಿಂದ ಕಣ್ಣು ಮುಚ್ಚಿ ಪ್ರಾರ್ಥಿಸಿದರೆಂದರೆ ಖಲಾಸ್, ಮರುದಿನ ಕತ್ತಲಾಗುವವರೆಗೆ ಬೆಂಕಿ ಇಲ್ಲ, ಸೂಜಿ ಇಲ್ಲ, ಸ್ವಿಚ್ಚೂ ಇಲ್ಲ. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆಯೇ ಬಿಡುಗಡೆ. ನಕ್ಷತ್ರ ಹುಡುಕುವ ಉದ್ಯೋಗ ನನ್ನ ಮಗಳದ್ದು. ಟೆರೇಸಿಗೆ ಓಡಿ "ತ್ರೀ! ತ್ರೀ!" ಎಂದು ಕೂಗುವಳು. ಮಾವ್ಶಿ ನಿಧಾನವಾಗಿ ಮೆಟ್ಟಿಲು ಹತ್ತಿ ಹೋಗಿ ನೋಡಿದರೆ ಮೂರನೆಯದು ರನ್‌ವೇಗೆ ಇಳಿಯುತ್ತಿರುವ ವಿಮಾನ. ಹೀಗೆ ಎಷ್ಟು ಶನಿವಾರ ಆಗಿತ್ತೋ... ಅವರು ಒಮ್ಮೆಯೂ ಬೈಯಲಿಲ್ಲ, ವಿಮಾನ ಇಳಿದು ಮುಗಿಯುವವರೆಗೆ ಇಬ್ಬರೂ ಕಾಯುತ್ತಿದ್ದರು.

ಆ ವರ್ಷ ಮಗಳಿಗೆ ಪ್ರಥಮ ಪರಮಪ್ರಸಾದ, ನಮ್ಮ ಮಕ್ಕಳು ಬಿಳಿ ಬಟ್ಟೆ ತೊಟ್ಟು ಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಪೂಜೆ. ಬಿಳಿ ಫ್ರಾಕ್ ಹೊಲಿಯಲು ಕ್ರಿಸ್ಮಸ್ ರಜೆಯಲ್ಲೇ ಮಾವ್ಶಿ ಅಳತೆ ತೆಗೆದುಕೊಂಡಿದ್ದರು. ಆಮೇಲೆ ಪ್ರತಿ ವಾರ ಒಂದೇ ವರಾತ: "ಹುಡುಗಿಯನ್ನು ಟ್ರಯಲ್‌ಗೆ ಕಳಿಸು." ನಾನು ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಸೆಕ್ರೆಟರಿ, ಮನೆಗೆ ಬರುವಾಗ ರಾತ್ರಿ ಏಳು. ನಾಳೆ ಮಾವ್ಶಿ, ನಾಡಿದ್ದು ಮಾವ್ಶಿ. "ಶುಕ್ರವಾರ ಬೇಯಿಸದವಳು ಶನಿವಾರ ಏನು ತಿಂತಾಳೆ?" ಎಂದು ಅವರು ಹೇಳುತ್ತಲೇ ಇದ್ದರು, ನಾನು ಅದನ್ನು ಗಾದೆಯೆಂದು ಕೇಳಿ ತಲೆದೂಗುತ್ತಲೇ ಇದ್ದೆ.

ಕೊನೆಗೆ ಶುಕ್ರವಾರವೂ ಬಂತು. ಪೂಜೆ, ಅಲ್ಲಿಂದ ಯಾರದ್ದೋ ಮನೆಯ ಊಟ, ಹರಟೆ ಮುಗಿಸಿ ಬಂದು ಮಾವ್ಶಿಯ ಮನೆಯಿಂದ ಫ್ರಾಕ್ ತಂದು ಮಗಳಿಗೆ ತೊಡಿಸುವಾಗ ಬೀದಿದೀಪ ಹತ್ತಿತ್ತು. ಫ್ರಾಕ್ ಮೊಣಕಾಲಿನ ಮೇಲೇ ನಿಂತಿತು. ಮೊಣಕಾಲು ಮುಚ್ಚಬೇಕೆಂದು ಸಿಸ್ಟರ್ ಹತ್ತು ಸಲ ಹೇಳಿದ್ದರು. ನಾಲ್ಕೇ ತಿಂಗಳಲ್ಲಿ ಹುಡುಗಿ ಉದ್ದವಾಗಿದ್ದಳು, ನಾನು ಮಾತ್ರ ನೋಡಿರಲಿಲ್ಲ. ಮಗಳು ಕನ್ನಡಿಯೆದುರು ಫ್ರಾಕನ್ನು ಕೆಳಗೆ ಎಳೆದೆಳೆದು ಅಳತೊಡಗಿದಳು. ನಜ್ಮಾ ಬಡಾವಣೆಯ ಪರಿಚಯದ ಟೈಲರಿಗೆ ಫೋನ್ ಮಾಡಿದರೆ, "ಬುಕ್ರಾ ಮೇಡಂ, ನಾಳೆ ಸಂಜೆ" ಅಂದ.

ಮಾವ್ಶಿಯ ಬಾಗಿಲಿಗೆ ಓಡಿದೆ. ಮಿಶನ್ನಿನ ಮೇಲೆ ಹಸಿರು ಸೀರೆ ಬಿದ್ದಾಗಿತ್ತು, ದೀಪ ಉರಿಯುತ್ತಿತ್ತು.

"ಮೂರು ನಿಮಿಷದ ಕೆಲಸ ಮಾವ್ಶಿ."

"ಗೊತ್ತು ಪೋರಿ. ಮೂರು ಗಂಟೆಯದ್ದಾದರೆ ಇಲ್ಲ ಅನ್ನಲು ಇಷ್ಟು ಕಷ್ಟ ಆಗುತ್ತಿರಲಿಲ್ಲ."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ನಾವು ಭಾನುವಾರವನ್ನೇ ಶುಕ್ರವಾರಕ್ಕೆ ತಂದಿದ್ದೇವೆ, ನಿಮ್ಮ ದೇವರಿಗೆ ಒಂದು ಹೊಲಿಗೆ ಭಾರವಾಗುತ್ತದಾ?" ಎಂದುಬಿಟ್ಟೆ. ಮಾವ್ಶಿಯ ಮುಖ ಸಣ್ಣದಾಯಿತು. ನಾನು ಬಂದು ನಮ್ಮ ಬಾಗಿಲನ್ನು ದಡಾರನೆ ಹಾಕಿಕೊಂಡೆ. ಆ ಸದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಅರ್ಧ ಗಂಟೆ ಆಗಿರಬೇಕು. ಯಾರೋ ಬಾಗಿಲು ಬಡಿದರು. ಬೆಲ್ ಒತ್ತದೆ ಬಡಿಯುವವರು ಇಡೀ ಕಟ್ಟಡದಲ್ಲಿ ಒಬ್ಬರೇ, ಅದೂ ವಾರಕ್ಕೊಂದು ಸಂಜೆ. ಊಟವನ್ನು ಅರ್ಧಕ್ಕೆ ಬಿಟ್ಟು, ಬರಿಗೈಯಲ್ಲಿ ಬಂದಿದ್ದರು.

"ಫ್ರಾಕ್ ತಿರುಗಿಸಿ ನೋಡು" ಅಂದರು. ನೋಡಿದರೆ ಅಂಚಿನ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿಟ್ಟು ಹೊಲಿದಿದ್ದರು. ಬೆಳೆಯುವ ಮಕ್ಕಳ ಬಟ್ಟೆಗೆ ಅವರು ಹಾಗೆ ಬಿಡುವುದು ರೂಢಿಯಂತೆ. "ನನ್ನ ಕೈಗೆ ಇವತ್ತು ರಜೆ. ಬಾಯಿಗೆ ಇಲ್ಲ. ನೀನು ಹೊಲಿ, ನಾನು ಕೂತಿರ್ತೇನೆ."

ನನಗೋ ಅಂಗಿಯ ಗುಂಡಿ ಹಾಕಲೂ ಬರುತ್ತಿರಲಿಲ್ಲ. ದಾರ ಪೋಣಿಸಲು ಮಗಳು ಬೇಕಾಯಿತು. ಹಳೇ ಹೊಲಿಗೆ ಬಿಚ್ಚಿ, ಮಡಿಕೆ ಇಳಿಸಿ, ಚೂರೇ ಚೂರು ಮಡಚಿ ಕೈಹೊಲಿಗೆ ಹಾಕತೊಡಗಿದೆ. ಮಾವ್ಶಿ ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿ ಕೂತಿದ್ದರು, ತಪ್ಪಿ ಸೂಜಿಗೆ ಚಾಚಿಬಿಟ್ಟೇನು ಎಂಬ ಭಯಕ್ಕೆ! ನನ್ನ ಹೊಲಿಗೆ ದಾರಿ ತಪ್ಪಿದಾಗಲೆಲ್ಲ ಅವರ ಭುಜ ಅಲ್ಲಾಡುತ್ತಿತ್ತು. ಸೂಜಿ ಕೆಳಗೆ ಬಿದ್ದರೆ ಗಲ್ಲದಿಂದಲೇ ತೋರಿಸುವರು, ಮಗಳು ಹೆಕ್ಕಿ ಕೊಡುವಳು. "ಸಣ್ಣ ಹೊಲಿಗೆ... ಇನ್ನೂ ಸಣ್ಣ... ದೇವರೇ, ಇದು ಹೊಲಿಗೆಯೋ ಒಂಟೆಯ ಹೆಜ್ಜೆಯೋ?" ಮೂವರೂ ನಕ್ಕು ನಕ್ಕು ಸುಸ್ತಾದೆವು. ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡೆ. ಮಗಳು ನನ್ನ ತೊಡೆಗೆ ಒರಗಿ ಪ್ರತಿ ಹೊಲಿಗೆಯನ್ನೂ ನೋಡುತ್ತಿದ್ದಳು. ಅಷ್ಟು ಹೊತ್ತು ಅವಳ ಪಕ್ಕದಲ್ಲಿ ನಾನು ಕೂತದ್ದು ಅದಕ್ಕೆ ಮುಂಚೆ ಯಾವಾಗಲೋ ನನಗೆ ನೆನಪಿರಲಿಲ್ಲ. ಹೊಲಿದು ಮುಗಿಸಿ ಕ್ಷಮೆ ಕೇಳಿದೆ. "ಬಾಗಿಲು ಗಟ್ಟಿಯಾಗಿದೆ, ಏನೂ ಆಗಿಲ್ಲ" ಅಂದರು.

ಶನಿವಾರ ಪೂಜೆಗೆ ಮಾವ್ಶಿ ಬರಲಿಲ್ಲ, ಅದು ಅವರ ದಿನ. ಸಂಜೆ ಮಗಳು ಮೂರು ನಕ್ಷತ್ರ ಎಣಿಸಿ ಬಂದ ಸ್ವಲ್ಪ ಹೊತ್ತಿಗೆ ಒಂದು ಕೈಯಲ್ಲಿ ಪರಾತ, ಇನ್ನೊಂದರಲ್ಲಿ ಸೂಜಿಡಬ್ಬಿ ಹಿಡಿದು ಬಂದರು. ಪರಾತದಲ್ಲಿ ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ, ಸುತ್ತಲೂ ಹಣ್ಣು. ಎಲಿಯಾಸ್ ಪ್ರವಾದಿಯ ಹೆಸರಿನಲ್ಲಿ ಹರಕೆ ಹೊತ್ತು, ಈಡೇರಿದರೆ ಅವರು ಮಾಡಿ ಹಂಚುವ ಮಲೀದಾ ಅದು. "ನಿನ್ನೆ ನಿನ್ನ ಮನೆಗೆ ಬರುವ ಮೊದಲೇ ಹರಕೆ ಹೊತ್ತಿದ್ದೆ" ಅಂದರು. ಹೊತ್ತದ್ದು ಫ್ರಾಕಿಗೋ, ನನ್ನ ಸಿಟ್ಟಿಗೋ ನಾನು ಕೇಳಲಿಲ್ಲ. ಆಮೇಲೆ ಸೂಜಿಡಬ್ಬಿ ತೆರೆದು ಮಗಳನ್ನು ಕರೆದರು. ಮರುದಿನ ಸ್ಟುಡಿಯೋದಲ್ಲಿ ಫೋಟೋ ಇತ್ತು, ಅಷ್ಟರಲ್ಲಿ ಅಂಚನ್ನು ಬಿಚ್ಚಿ ನೇರ ಮಾಡಿಕೊಡುವುದು ಅವರ ಲೆಕ್ಕಾಚಾರ.

ಮಗಳು ಫ್ರಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದಳು. "ನೋ ಮಾವ್ಶಿ. ಇದು ಮಮ್ಮಾ ಹೊಲಿದದ್ದು."

ಮಾವ್ಶಿ ಡಬ್ಬಿ ಮುಚ್ಚಿ ನನ್ನ ಕಡೆ ನೋಡಿದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಷ್ಟು ಸುಖದ ಅಳು ನಾನು ಅತ್ತದ್ದು ಕಡಿಮೆ.

ಮಾವ್ಶಿಯ ಗಂಡ ನಿವೃತ್ತರಾದ ಮೇಲೆ ಅವರು ಮುಂಬೈ ಪಕ್ಕದ ಠಾಣೆ ನಗರಕ್ಕೆ ಹೋದರು. ಹೋಗುವ ಮುನ್ನ ಬಾಗಿಲ ಚೌಕಟ್ಟಿನ ಆ ಡಬ್ಬಿಯನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡದ್ದು ನೆನಪಿದೆ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದೆವು. ಮೂರು ವರ್ಷದ ಹಿಂದೆ ಒಂದು ಭಾನುವಾರ ಆ ಕಡೆಯಿಂದ ಅವರ ಗಂಡನ ಸ್ವರ ಬಂತು... ಶನಿವಾರ ಬೆಳಿಗ್ಗೆ, ನಿದ್ದೆಯಲ್ಲೇ ಅಂತೆ.

ಈಗ ಮಗಳಿಗೆ ಮದುವೆ. ವೇಲಿನ ಅಂಚನ್ನು ಅಂಗಡಿಗೆ ಕೊಡದೆ "ನೀನೇ ಹೊಲಿ ಮಮ್ಮಾ" ಎಂದು ಹಟ ಹಿಡಿದಳು. ಆ ಹಳೇ ಸೂಟ್‌ಕೇಸ್ ಇಳಿಸಿದ್ದೂ ಒಳ್ಳೆಯ ಬಿಳಿ ದಾರ ಹುಡುಕಲಿಕ್ಕೇ. ಗುರುವಾರವೇ ಹೊಲಿದು ಮುಗಿಸಿದೆ. ಈ ಸಲ ಹೊಲಿಗೆ ಸಣ್ಣಗೆ, ನೇರವಾಗಿ ಬಂದಿತ್ತು. ಹಿಗ್ಗಿನಲ್ಲಿ ವೇಲನ್ನು ಹಿಡಿದು, ಏನೂ ಯೋಚಿಸದೆ, ಹೋಗಿ ಎದುರು ಬಾಗಿಲನ್ನು ಬಡಿದೆ. ಬೆಲ್ ಒತ್ತಲಿಲ್ಲ.

ಬಾಗಿಲು ತೆರೆದವಳು ಅಲ್ಲಿ ಈಗಿರುವ ಮಲಯಾಳಿ ಹುಡುಗಿ. ವೇಲನ್ನು ಎತ್ತಿ ತೋರಿಸಿದೆ. ಚೆನ್ನಾಗಿದೆ ಚೇಚಿ ಅಂದಳು. ಅವಳ ಭುಜದ ಪಕ್ಕದಲ್ಲಿ, ಚೌಕಟ್ಟಿನ ಒಳಬದಿಯ ಬಣ್ಣದಡಿಯಲ್ಲಿ, ಎರಡು ಮೊಳೆಯ ತೂತು ಓರೆಯಾಗಿ ಕಂಡವು. ಕೈ ಚಾಚಿ ಮುಟ್ಟಿದೆ, ಬೆರಳನ್ನು ತುಟಿಗೆ ತಾಗಿಸಿದೆ. ಹುಡುಗಿ ಆಶ್ಚರ್ಯದಿಂದ ನೋಡಿದಳು. ಒಳಗೆ ಬನ್ನಿ, ಚಾ ಮಾಡ್ತೇನೆ ಅಂದಳು.

ಹೋದೆ. ಕೂತು ಹೇಳಲು ನನ್ನಲ್ಲಿ ಒಂದು ಕತೆಯಿತ್ತು.