ಹತ್ತು ಸೆಕೆಂಡಿಗೊಮ್ಮೆ ಹುಕ್ಕೇರಿ

ಹತ್ತು ಎಂದು ಬರೆದೆ. ನಾನು ಮಾಡಿದ್ದು ಅಷ್ಟೇ. ಅದು ಹತ್ತು ನಿಮಿಷವೋ ಹತ್ತು ಸೆಕೆಂಡೋ ಎಂದು ನೋಡುವುದು ನನ್ನಂಥ ಜಾಣನ ಕೆಲಸವಲ್ಲ ಎಂದು ಬಿಟ್ಟೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯ ಎರಡನೇ ಪುಟದಲ್ಲಿ ಅದನ್ನು ದಪ್ಪಕ್ಷರದಲ್ಲೇ ಮುದ್ರಿಸಿದ್ದರು. ಆ ಪುಟದ ಮೇಲೆ ಅವತ್ತು ನಾನು ಮಿರ್ಚಿ ಭಜಿ ಇಟ್ಟುಕೊಂಡು ತಿಂದಿದ್ದೆ. ಕಾಗದ ಎಣ್ಣೆ ಕುಡಿದು ಎರಡನೇ ಪುಟದ ಜೊತೆ ಮೂರನೆಯದೂ ಕಾಣುವಂತಾಗಿತ್ತು. ನಾನು ಒಂದನ್ನೂ ಓದಲಿಲ್ಲ.

ಯಾವ ಪೆಟ್ಟಿಗೆ ಎಂದು ಹೇಳಿಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರುಗಳ ನಡುವೆ ನಮ್ಮದೊಂದು ರೇಡಿಯೋ ಜಾಲವಿದೆ. ಹಾಡು ಬರುವ ರೇಡಿಯೋ ಅಲ್ಲ. ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಪೆಟ್ಟಿಗೆ ಅದನ್ನು ಕುಯ್ ಎಂಬ ಸದ್ದು ಮಾಡಿ ಗಾಳಿಗೆ ಬಿಡುತ್ತದೆ. ಇನ್ನೊಂದು ಊರಿನ ಪೆಟ್ಟಿಗೆ ಅದನ್ನು ಹಿಡಿದು ಮತ್ತೆ ಅಕ್ಷರ ಮಾಡುತ್ತದೆ. ಪ್ಯಾಕೆಟ್ ರೇಡಿಯೋ ಎನ್ನುತ್ತಾರೆ. ಇಂಟರ್‌ನೆಟ್ ಬೇಡ, ಫೋನಿನ ಟವರ್ ಬೇಡ. ಮಳೆಗಾಲದಲ್ಲಿ ಘಟಪ್ರಭಾ ಏರಿ, ಕರೆಂಟು ಹೋಗಿ, ಟವರುಗಳೆಲ್ಲ ಬಾಯಿ ಮುಚ್ಚಿದಾಗ ಇದೊಂದೇ ಮಾತಾಡುತ್ತದೆ ಎಂಬುದು ನಮ್ಮ ವಾದ. ಉಳಿದ ದಿನಗಳಲ್ಲಿ ಏನು ಮಾತಾಡುತ್ತದೆ ಎಂದರೆ, "ಕೇಳಸಾಕತ್ತೈತೇನ್ರಿ?" "ಕೇಳಸಾಕತ್ತೈತ್ರಿ, ನಿಮಗ?" "ನಮಗೂ ಕೇಳಸಾಕತ್ತೈತ್ರಿ." ಇಷ್ಟು ಹೇಳಲು ನಾವು ಪರೀಕ್ಷೆ ಬರೆದು ಸರ್ಕಾರದ ಪರವಾನಗಿ ಪಡೆದಿದ್ದೇವೆ.

ಪಟ್ಟಿಯಲ್ಲಿ ಹನ್ನೊಂದು ಸ್ವಯಂಸೇವಕರಿದ್ದಾರೆ. ಅದರಲ್ಲಿ ಎಂಟು ಮಂದಿ ಬೆನ್ನ ಮೇಲೆ 'ತುರ್ತು ಸಂಪರ್ಕ' ಎಂದು ಬರೆದ ಕಿತ್ತಳೆ ಜಾಕೀಟಿಗೋಸ್ಕರ ಸೇರಿದವರು. ಆ ಜಾಕೀಟು ಪ್ರವಾಹ ಕಂಡಿದ್ದು ಕಡಿಮೆ, ಮದುವೆ ಊಟ ಕಂಡಿದ್ದೇ ಹೆಚ್ಚು. ಒಬ್ಬ ಮಹಾಶಯರಿಗೆ ಬೆಸುಗೆ ಹಾಕುವ ಕಡ್ಡಿಯ ಯಾವ ತುದಿ ಬಿಸಿಯಾಗುತ್ತದೆ ಎಂಬುದು ಪ್ರತಿ ಸಲ ಹಿಡಿದ ಮೇಲೆಯೇ ಗೊತ್ತಾಗುತ್ತಿತ್ತು. ಇಂಥವರ ನಡುವೆ ನಾನು ಹುಕ್ಕೇರಿಯ ಕೇಂದ್ರ ನೋಡಿಕೊಳ್ಳುತ್ತಿದ್ದೆ. ತಹಶೀಲ್ದಾರ್ ಕಚೇರಿ ಎದುರು ನನ್ನದು ಝೆರಾಕ್ಸ್ ಅಂಗಡಿ. ಜನರ ಆನ್‌ಲೈನ್ ಅರ್ಜಿಗಳನ್ನು ತುಂಬಿ ಕೊಡುತ್ತೇನೆ. ದಿನವಿಡೀ ಬೇರೆಯವರ ತಪ್ಪು ತಿದ್ದುವವನಿಗೆ ತಾನು ತಪ್ಪು ಮಾಡುವುದಿಲ್ಲ ಎಂಬ ಭ್ರಮೆ ಬಹಳ ಬೇಗ ಹತ್ತುತ್ತದೆ.

ನಿಜವಾಗಿ ಜಾಲ ನಡೆಸುತ್ತಿದ್ದವರು ಇಬ್ಬರು. ಮೂಡಲಗಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್. ಅವರ ಮನೆಯ ಮಾಳಿಗೆಯಲ್ಲಿ ಆಂಟೆನಾ, ಅದರ ಬುಡದಲ್ಲಿ ಹಪ್ಪಳ. ಗೋಕಾಕ ಫಾಲ್ಸಿನಲ್ಲಿ ಕಾಕಾ. ಮಿಲ್ಲಿನಲ್ಲಿ ವೈರಮನ್ ಆಗಿ ನಿವೃತ್ತರಾದವರು, ಈ ಜಾಲವನ್ನು ಕಟ್ಟಿದವರು. ಇಡೀ ಕಾಲೊನಿಗೆ ಅವರು ಕಾಕಾ. ಸಿಟ್ಟು ಬಂದಾಗ ಅವರ ಹೆಂಡತಿಗೂ. ಮೂಡಲಗಿಯ ಮಾತು ನೇರವಾಗಿ ಹುಕ್ಕೇರಿಗೆ ಕೇಳುವುದಿಲ್ಲ. ನಡುವೆ ಕಾಕಾನ ಪೆಟ್ಟಿಗೆ ಅದನ್ನು ಹಿಡಿದು ಮತ್ತೊಮ್ಮೆ ಒದರಬೇಕು. ಹುಕ್ಕೇರಿಯಲ್ಲಿ ಅದು ಕೇಳಬೇಕಾದರೂ ಎತ್ತರದ ಜಾಗ ಬೇಕು. ಕಾಕಾ ಮೂರು ವರ್ಷ ಅರ್ಜಿ ಹಿಡಿದು ಬಸ್ಸಿನಲ್ಲಿ ಓಡಾಡಿ, ನಮ್ಮೂರ ನೀರಿನ ಟ್ಯಾಂಕಿನ ಮೇಲೆ ಒಂದು ಕಂಬ ನಿಲ್ಲಿಸಲು ಒಪ್ಪಿಗೆ ಪಡೆದಿದ್ದರು. ಆಗ ಅವರ ಜೊತೆ ಕಚೇರಿಗೆ ಹೋಗುತ್ತಿದ್ದ ನಾನು ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದೆ.

ಈಗ ಅದೇ ಜಾಗದಲ್ಲಿ, ನಳ ಯಾವಾಗ ಬರುತ್ತದೆ ಎಂದು ಊರಿಗೆ ಸಾರುವ ಧ್ವನಿವರ್ಧಕ ಕೂರಿಸಬೇಕೆಂಬ ವಿಚಾರ ಬಂತು. ನೀರು ಸರಬರಾಜಿನ ಎಂಜಿನಿಯರ್ ಸಾಹೇಬರು ಕಾಕಾನಿಗೆ ನೆಟ್ಟಗೆ ಹೇಳಿದರು. ಒಂದು ದಿನ ಬಂದು ನೋಡುತ್ತೇನೆ. ಮೂಡಲಗಿಯಿಂದ ಹುಕ್ಕೇರಿಗೆ ಸುದ್ದಿ ಮುಟ್ಟಿದರೆ ಕಂಬ ಇರಲಿ. ಇಲ್ಲದಿದ್ದರೆ ಎಂಟು ದಿನದಲ್ಲಿ ಇಳಿಸಿ.

ಏರ್ಪಾಡು ಹೀಗಿತ್ತು. ಸಾಹೇಬರು ಕಾಕಾನ ಮನೆಯಲ್ಲಿ ಪರದೆ ಮುಂದೆ ಕೂಡುವುದು. ಹನ್ನೊಂದಕ್ಕೆ ಟೀಚರ್ ಮೂಡಲಗಿಯಲ್ಲಿ ಸಾಹೇಬರು ಕೊಟ್ಟ ಲಕೋಟೆ ಒಡೆದು ಅದರಲ್ಲಿದ್ದ ಮಾತನ್ನು ಕಳಿಸುವುದು. ನಾನು ಹುಕ್ಕೇರಿಯಲ್ಲಿ ಅದನ್ನು ಓದಿ ಅದೇ ಮಾತನ್ನು ತಿರುಗಿ ಕಳಿಸುವುದು. ಫೋನುಗಳು ಬಂದ್. ಫೋನಿನ ಕಟ್ಟಳೆ ಬಂದದ್ದೇ ನನ್ನಿಂದ. ಹಿಂದೊಮ್ಮೆ ಅತಿಥಿಗಳ ಎದುರು ರೇಡಿಯೋದಲ್ಲಿ ಸುದ್ದಿ ಕಳಿಸಿ, ಮರುಕ್ಷಣವೇ ಫೋನ್ ಹಚ್ಚಿ, "ಮುಟ್ಟಿತೇನ್ರಿ?" ಎಂದು ಕೇಳಿದ ಮಹಾನುಭಾವ ನಾನೇ. ಅಂದಿನಿಂದ ಪರೀಕ್ಷೆಯ ದಿನ ಎಲ್ಲರೂ ಫೋನ್ ಆರಿಸಬೇಕೆಂದು ಕಾಕಾ ಆಣೆ ಹಾಕಿಸಿದ್ದರು.

ಇನ್ನೊಂದು ಸಂಗತಿ ಹೇಳದಿದ್ದರೆ ನನ್ನ ಪರಾಕ್ರಮ ಪೂರ್ತಿಯಾಗುವುದಿಲ್ಲ. ನಮ್ಮ ಪ್ರತಿ ಪೆಟ್ಟಿಗೆಯೂ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ 'ನಾನು ಬದುಕಿದ್ದೇನೆ' ಎಂದು ಒಂದು ಸಾಲು ಹೇಳುತ್ತದೆ. ಆ ಸಾಲನ್ನು ನಾವೇ ಬರೆದಿಡಬೇಕು. ಟೀಚರ್ ಅವತ್ತಿನ ಮಳೆ ಎಷ್ಟೆಂದು ಬರೆಯುತ್ತಿದ್ದರು. ಕಾಕಾ ಹೊಳೆಯ ನೀರು ಎಲ್ಲಿಗಿದೆ ಎಂದು ಬರೆಯುತ್ತಿದ್ದರು. ನಾನು ಪರೀಕ್ಷೆಗೆ ಒಂದು ವಾರ ಮುಂಚೆ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆದಿದ್ದೆ: "ಹುಕ್ಕೇರಿ ಮಾತಾಡಾಕತ್ತೈತಿ, ಕಿವಿಗೊಟ್ಟು ಕೇಳ್ರಿ. ಜಿಲ್ಲಾದಾಗ ನಮ್ಮಷ್ಟು ಎತ್ತರ ಯಾರೂ ಇಲ್ಲ. ಮುದುಕರ ತಂತಿ ಕೆಳಗ, ಹುಡುಗರ ಟಾಕಿ ಮ್ಯಾಲ. ಗೋಕಾಕದವರು ಚಾ ಕುಡದು ಮಕ್ಕೋರಿ." ಟಾಕಿ ಎಂದರೆ ನಮ್ಮ ನೀರಿನ ಟ್ಯಾಂಕು. ಓದುವವರು ಇಬ್ಬರೇ ಎಂಬ ಧೈರ್ಯ. ಪರೀಕ್ಷೆಗೆ ಮುಂಚೆ ತೆಗೆದರಾಯಿತು ಎಂದುಕೊಂಡಿದ್ದೆ.

ಪರೀಕ್ಷೆಯ ಹಿಂದಿನ ದಿನ ಹಳೆಯ ಪೆಟ್ಟಿಗೆ ತಂಪು ಹಿಡಿದು ಕೆಮ್ಮತೊಡಗಿತು. ಟ್ಯಾಂಕು ಹತ್ತಿ ಹೊಸದನ್ನು ಕೂರಿಸಿದೆ. ಅದೇ ಸಾಲನ್ನು, ಎಷ್ಟು ಚೆನ್ನಾಗಿ ಬರೆದಿದ್ದೇನಲ್ಲ ಎಂದು ಮೆಚ್ಚಿಕೊಳ್ಳುತ್ತಲೇ, ಮತ್ತೆ ಟೈಪ್ ಮಾಡಿದೆ. ಎಷ್ಟಕ್ಕೊಮ್ಮೆ ಎಂದು ಪೆಟ್ಟಿಗೆ ಕೇಳಿತು. ಹತ್ತು ಎಂದೆ. ಹಳೆಯದು ನಿಮಿಷ ಎಣಿಸುತ್ತಿತ್ತು. ಹೊಸದು ಸೆಕೆಂಡು ಎಣಿಸುತ್ತದೆ. ಹಾಗೆ ಎಣಿಸಲು ಶುರು ಮಾಡುವುದು ಮರುಚಾಲನೆಯಾದ ಮೇಲೆ. ಆ ಮರುಚಾಲನೆಯನ್ನು ನಾನು ಮರುದಿನ ಬೆಳಿಗ್ಗೆ ಕೆಳಗಿನ ಸ್ವಿಚ್ಚು ಹಾಕಿ ಮಾಡಿದೆ.

ಕಾಕಾ ಸಂಜೆ ಫೋನ್ ಮಾಡಿದ್ದರು.

"ಹೊಸಾ ಪೆಟ್ಟಿಗಿ ಕುಂಡ್ರಿಸಿದೇನು?"

"ಕುಂಡ್ರಿಸಿ ಆಶೀರ್ವಾದ ತಗೊಂಡೇನ್ರಿ ಕಾಕಾ."

"ಎಲ್ಲಾ ಒಮ್ಮಿ ತಗದು ನೋಡಿಯೇನು?"

"ನಾ ನೋಡೂದಂದ್ರ ಏನ್ರಿ? ಅದ ನನ್ನ ನೋಡಿ ಹೆದರೇತಿ."

"ಆತು. ನಾಳೆ ನಿನ್ನ ಮ್ಯಾಲ ಐತಿ ನೋಡು," ಎಂದು ಕಾಕಾ ಫೋನ್ ಇಟ್ಟರು. ನಾನು ಇದನ್ನು ಹೊಗಳಿಕೆ ಎಂದುಕೊಂಡೆ.

ಮರುದಿನ ಹತ್ತೂವರೆಗೆ ಟ್ಯಾಂಕಿನ ಕೆಳಗಿನ ವಾಲ್ವ್ ಕೋಣೆಯಲ್ಲಿ ಸ್ವಿಚ್ಚು ಹಾಕಿ, ಫೋನ್ ಆರಿಸಿ, ಸಿಂಹಾಸನದಂತೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಮೇಲಿನ ಪೆಟ್ಟಿಗೆಯಿಂದ ಇಳಿದ ವೈರು ನನ್ನ ಲ್ಯಾಪ್‌ಟಾಪಿಗೆ. ಅದರಲ್ಲಿ ಬಂದದ್ದನ್ನು ನೋಡಬಹುದು, ಸುದ್ದಿ ಕಳಿಸಬಹುದು. ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಬೇಕಾದರೆ ಮಾತ್ರ ಮೇಲೆ ಹತ್ತಿ ಅದಕ್ಕೇ ಬೇರೊಂದು ಗಿಡ್ಡ ವೈರು ಚುಚ್ಚಬೇಕು. ಪಂಪ್ ಆಪರೇಟರ್ ಬಾಗಿಲಲ್ಲಿ ನಿಂತು ತಂಬಾಕು ತಿಕ್ಕುತ್ತಿದ್ದ.

"ಏನ್ರಿ ಸಾಹೇಬ್ರ, ಒಂದು ಹಾಡರ ಹಚ್ರಿ."

"ಇದು ಹಾಡಿನ ರೇಡಿಯೋ ಅಲ್ಲೋ ಮಾರಾಯ. ಜೀವಾ ಉಳಸೂ ರೇಡಿಯೋ."

"ಹಂಗಾದ್ರ ಇಷ್ಟು ದಿನದಾಗ ಎಷ್ಟು ಮಂದಿ ಉಳದಾರ್ರಿ?"

ಅವನಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಎಂದು ಪರದೆಯ ಕಡೆ ತಿರುಗಿದೆ. ಆಹಾ! ನನ್ನ ಸಾಲು ಹೋಗುತ್ತಿದೆ. ಗೋಕಾಕದ ಪೆಟ್ಟಿಗೆ ಅದನ್ನು ಹಿಡಿದು ಮತ್ತೆ ಹೇಳುತ್ತಿದೆ. ಅಲ್ಲಿಂದ ಮೂಡಲಗಿಯದಕ್ಕೂ ಮುಟ್ಟಿ ಅದೂ ಹೇಳುತ್ತಿದೆ ಎಂದು ಗೋಕಾಕದ ಪೆಟ್ಟಿಗೆಯೇ ವರದಿ ಕೊಡುತ್ತಿದೆ. ಮುದುಕರ ತಂತಿ ಕೆಳಗ, ಹುಡುಗರ ಟಾಕಿ ಮ್ಯಾಲ. ಮೂರೂ ಊರು ನನ್ನನ್ನೇ ಪಠಿಸುತ್ತಿವೆ. ಹೊಸ ಪೆಟ್ಟಿಗೆ ಎಂದರೆ ಇದು ನೋಡು ಎಂದು ಆಪರೇಟರಿಗೆ ತೋರಿಸಿದೆ. ಅವನು ಬಗ್ಗಿ ನೋಡಿ ಕೇಳಿದ.

"ಒಂದ ಮಾತು ಎಷ್ಟು ಸಲ ಹೇಳತೈತ್ರಿ ಇದು?"

ನಾಲ್ಕನೇ ಇಯತ್ತೆ ಓದಿದ ಆ ಮನುಷ್ಯನಿಗೆ ಮೊದಲ ನೋಟಕ್ಕೇ ಕಂಡದ್ದು ನನಗೆ ಕಾಣಲು ಇನ್ನೂ ಅರ್ಧ ತಾಸು ಹಿಡಿಯಿತು. ಸಂಭ್ರಮದಲ್ಲಿ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಪ್ಲೇಟ್ ಗಿರಮಿಟ್ ತಿಂದು ಬಂದೆ.

ಬಂದಾಗ ಹನ್ನೊಂದು ದಾಟಿ ಏಳು ನಿಮಿಷ. ಪರದೆಯಲ್ಲಿ ಟೀಚರ ಸುದ್ದಿ ಇಲ್ಲ. ನನ್ನ ಸಾಲು ಇದೆ. ಅದರ ಕೆಳಗೆ ನನ್ನ ಸಾಲು. ಅದರ ಕೆಳಗೂ. ಆಗ ಮೊದಲ ಬಾರಿಗೆ ಪಕ್ಕದಲ್ಲಿದ್ದ ಗಡಿಯಾರದ ಅಂಕಿಗಳನ್ನು ಓದಿದೆ. ನಾಲ್ಕನೇ ಸೆಕೆಂಡು, ಹದಿನಾಲ್ಕನೇ ಸೆಕೆಂಡು, ಇಪ್ಪತ್ನಾಲ್ಕನೇ ಸೆಕೆಂಡು.

ನಮ್ಮ ಪೆಟ್ಟಿಗೆಗಳಿಗೆ ನಮಗಿಲ್ಲದ ಒಂದು ಸಂಸ್ಕಾರವಿದೆ. ಯಾರಾದರೂ ಮಾತಾಡುತ್ತಿದ್ದರೆ ಅವು ಸುಮ್ಮನೆ ಕಾಯುತ್ತವೆ. ನನ್ನ ಉದ್ದನೆಯ ಸಾಲು ಒಮ್ಮೆ ಹೋಗಲು ಮೂರು ಸೆಕೆಂಡು. ಅದನ್ನು ಗೋಕಾಕ ಮತ್ತೆ ಹೇಳಲು ಮೂರು, ಮೂಡಲಗಿ ಹೇಳಲು ಮೂರು. ಒಂಬತ್ತು ಸೆಕೆಂಡು ಮುಗಿದು ಉಸಿರೆಳೆಯುವಷ್ಟರಲ್ಲಿ ನಾನು ಮತ್ತೆ ಶುರು. ಮೂಡಲಗಿಯಲ್ಲಿ ಟೀಚರ ಸುದ್ದಿ ಕೈಕಟ್ಟಿ ಸಾಲಿನಲ್ಲಿ ನಿಂತಿತ್ತು.

ಪ್ಲಗ್ ಕಿತ್ತೆ. ಪರದೆ ಶಾಂತವಾಯಿತು. ಎಷ್ಟು ಶಾಂತವೆಂದರೆ ಏನೂ ಕೇಳದಷ್ಟು. ಈಗ ಪೆಟ್ಟಿಗೆಯೇ ಸತ್ತಿತ್ತು. ಸುದ್ದಿ ಬಂದರೂ ಹಿಡಿಯುವವರಿಲ್ಲ. ಮತ್ತೆ ಚುಚ್ಚಿದೆ. ಹುಕ್ಕೇರಿ ಮಾತಾಡಾಕತ್ತೈತಿ, ಕಿವಿಗೊಟ್ಟು ಕೇಳ್ರಿ. ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಟ್ಯಾಂಕು ಹತ್ತಿದೆ. ತುದಿ ಮುಟ್ಟಿದ ಮೇಲೆ ಗಿಡ್ಡ ವೈರು ಕುರ್ಚಿಯ ಮೇಲೇ ಉಳಿದದ್ದು ನೆನಪಾಯಿತು.

"ಬಿಳೇ ವೈರು! ಕುರ್ಚಿ ಮ್ಯಾಲ ಐತಿ! ತಗೊಂಡ ಬಾರೋ!" ಎಂದು ಮೇಲಿನಿಂದ ಕೂಗಿದೆ.

"ಟಾಕಿ ಹತ್ತೂದು ನನ್ನ ಕೆಲಸ ಅಲ್ರಿ," ಎಂದು ಕೆಳಗಿನಿಂದ ಉತ್ತರ ಬಂತು. "ನಿಮ್ಮ ರೇಡಿಯೋದಾಗ ಹೇಳಿ ತರಿಸಿಕೋರಿ."

ಇಳಿದೆ, ಹತ್ತಿದೆ. ಹತ್ತು ನಿಮಿಷಕ್ಕೆ ಆರು ನೂರು ಸೆಕೆಂಡು ಎಂದು ಲೆಕ್ಕ ಹಾಕಿ ಬರೆದಾಗ ಹನ್ನೊಂದು ನಲವತ್ತು. ಮತ್ತೆ ಇಳಿದು ನೋಡಿದರೆ ಟೀಚರ ಸುದ್ದಿ ಬಂದು ಕೂತಿತ್ತು, ಒಂದು ಅಕ್ಷರವೂ ತಪ್ಪಿಲ್ಲದೆ: "ಸೇತುವೆ ಮೇಲೆ ನೀರು ಬಂದಿದೆ. ಬಸ್ ಬಿಡಬೇಡಿ." ಅದನ್ನೇ ತಿರುಗಿ ಕಳಿಸಿದೆ. ಗೋಕಾಕದಿಂದ ಉತ್ತರವಿಲ್ಲ. ಫೋನ್ ಚಾಲೂ ಮಾಡಿದೆ. ಆರಿಸಿದ್ದಾಗ ಬಂದ ಕರೆಗಳ ಪಟ್ಟಿ ಮೂಡಿತು. ಹದಿನಾಲ್ಕು ಕರೆ. ಹದಿನಾಲ್ಕೂ ಕಾಕಾನವು. ಸಾಹೇಬರ ಎದುರಿಗೇ ತಮ್ಮ ಆಣೆ ಮುರಿದು ಹಚ್ಚಿದ್ದು. ಹುಟ್ಟಿದಾಗಿನಿಂದ ಒಂದು ಕಟ್ಟಳೆಯನ್ನೂ ಪಾಲಿಸದ ನಾನು ಅವತ್ತು ಮಾತ್ರ ಪಾಲಿಸಿದ್ದೆ.

ಕಾಕಾನಿಗೆ ಫೋನ್ ಮಾಡುವ ಗಂಡಸುತನ ಇರಲಿಲ್ಲ. ಟೀಚರಿಗೆ ಮಾಡಿದೆ.

"ಸಾಹೇಬ್ರು ಹ್ವಾದ್ರೇನ್ರಿ?"

"ಹನ್ನೊಂದೂವರಿಗೇ ಹೋಗ್ಯಾರ. ಕಾಕಾ ಈಗ ಹೇಳಿದ್ರು. ಕರದಂಟು ತಿನಕೋತ ಅರ್ಧಾ ತಾಸು ನಿನ್ನ ಕವನಾ ಓದ್ಯಾರಂತ."

"ಸುದ್ದಿ ಮುಟ್ಟಲಿಲ್ಲ ಅಂತ ಸಿಟ್ಟಾದ್ರೇನ್ರಿ?"

"ಸಿಟ್ಟೆಲ್ಲಿದು? ನಕ್ಕಾರ. ಯಂತ್ರ ಭಾಳ ಚಲೋ ಐತ್ರಿ, ಹುಕ್ಕೇರಿ ಮಾತು ಖಡಕ್ ಆಗಿ ಬರಾಕತ್ತೈತಿ. ಆದ್ರ ನಿಮ್ಮ ಕಡೆ ಹೇಳಾಕ ಇದನ್ನ ಬಿಟ್ಟು ಏನೂ ಇಲ್ಲಲ್ರಿ ಅಂದ್ರಂತ. ಅದಕಿಂತ ಧ್ವನಿವರ್ಧಕದಾಗ ನಳಾ ಬಂತು ಅಂತರ ಹೇಳಬಹುದು ಅಂದ್ರಂತ."

"ಟೀಚರ್, ನಾ ಚ್ಯಾಷ್ಟಿಗೆ..."

"ನನ್ನ ಮುಂದ ಯಾಕ ಹೇಳತಿ? ಹಾಳಿ ತಿದ್ದೂದೈತಿ ನಂದು," ಎಂದು ಫೋನ್ ಇಟ್ಟರು.

ಎಂಟನೇ ದಿನ ಕಾಕಾ ತಾವೇ ಬಸ್ಸಿಗೆ ಬಂದರು, ಹೆಗಲಿಗೆ ಉಪಕರಣಗಳ ಚೀಲ. ಜಾಕೀಟಿನ ಎಂಟು ಜನರಿಗೆ ಅವತ್ತೇ ಎಂಟು ಕೆಲಸಗಳು ಬಿದ್ದಿದ್ದವು. ನಾನು ಹತ್ತಬೇಡಿ ಎಂದರೂ ಕಾಕಾ ಟ್ಯಾಂಕು ಹತ್ತಿದರು. ನಾಲ್ಕು ನಟ್ಟು ಬಿಚ್ಚಲು ಹತ್ತು ನಿಮಿಷ ಸಾಕಾಯಿತು. ಮೂರು ವರ್ಷದ ಓಡಾಟ ಕೆಳಗಿಳಿಯಲು ಅಷ್ಟೇ. ನಾನು ಹಗ್ಗ ಹಿಡಿದು ಕಂಬವನ್ನು ಇಳಿಸುತ್ತ, ಸುಮ್ಮನಿರಲಾಗದೆ, ಇನ್ನು ಇಲ್ಲಿ ನಳದ ಸುದ್ದಿಯಾದರೂ ಹತ್ತು ಸೆಕೆಂಡಿಗೊಮ್ಮೆ ಬರಲಿ ಎಂದು ಚೇಷ್ಟೆ ಮಾಡಿದೆ. ಕಾಕಾ ತಂತಿಯನ್ನು ಮೊಣಕೈಗೆ ಸುತ್ತುತ್ತಿದ್ದರು. ಮಿಲ್ಲಿನವರ ಸುತ್ತು; ಒಂದು ಎಳೆಯ ಮೇಲೆ ಇನ್ನೊಂದು ಏರುವುದಿಲ್ಲ.

ಬಸ್ ಸ್ಟ್ಯಾಂಡಿನ ತನಕ ಚೀಲ ನಾನು ಹೊತ್ತೆ. ಗೋಕಾಕದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನೇ ಬಾಯಿ ಬಿಟ್ಟೆ.

"ಕಾಕಾ, ಆ ಸಾಲು... ನೀವು ಅವತ್ತ ನೋಡಿದ್ರಿ ಅಂತ ಭಾಳ ಕೆಟ್ಟ ಅನಸತೈತ್ರಿ."

"ಅವತ್ತಲ್ಲ," ಎಂದರು ಕಾಕಾ. "ನೀ ಬರದ ದಿನಾನ ನೋಡಿದ್ನಿ. ವಾರಾ ಪೂರ್ತಿ ಹತ್ತು ನಿಮಿಷಕ್ಕೊಮ್ಮಿ ಬರತಿತ್ತಲ್ಲ. ನಕ್ಕನಿ. ನಿಮ್ಮ ಕಾಕೂಗೂ ಓದಿ ತೋರಿಸಿದ್ನಿ."

"ಮತ್ತ ತಗೀ ಅಂತ ಯಾಕ ಹೇಳಲಿಲ್ರಿ?"

ಬಸ್ಸು ಬಂತು. ಕಾಕಾ ಚೀಲ ಇಸಿದುಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟರು.

"ಹಿಂದಿನ ದಿನಾ ಸಂಜಿಕ ಅದಕ್ಕ ಫೋನ್ ಹಚ್ಚಿದ್ನಿ. ಆಮ್ಯಾಲ, ಅಷ್ಟು ಹೇಳಬೇಕೇನು ಇವಂಗ, ತಾನ ತಗೀತಾನ ಅಂತ ಇಟ್ಟಬಿಟ್ಟನಿ."