ಕಟ್ಟಡಗಳಿಗೆ ಟೇಪು ಹಿಡಿದ ಕೊಟ್ರೇಶಿ

ಕೊಟ್ರೇಶಿಯ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿತ್ತು. ಟೇಲರನ ಕೊರಳಲ್ಲಿ ಟೇಪು ಇರುವುದರಲ್ಲಿ ಹೊಸತೇನಿಲ್ಲ. ಆದರೆ ಈತ ಅದನ್ನು ಬ್ಯಾಂಕಿನ ಮೆಟ್ಟಿಲಿಗೆ, ದವಾಖಾನೆಯ ಬಾಗಿಲಿಗೆ, ಬಸ್ ಸ್ಟ್ಯಾಂಡಿನ ಶೌಚಾಲಯದ ಕಟ್ಟೆಗೆಲ್ಲ ಹಿಡಿಯುತ್ತಿದ್ದ. ನಾನು ಮೊದಲ ಸಲ ಕಂಡಾಗ ನಮ್ಮ ಆಫೀಸಿನ ಮುಂದೆ, ಕೈಯಿಂದ ಪೆಡಲು ತಿರುವುವ ಮೂರು ಗಾಲಿಯ ಸೈಕಲ್ಲಿನ ಮೇಲಿಂದಲೇ ಬಾಗಿ, ಕೆಳಗಿನ ಮೆಟ್ಟಿಲಿನ ಎತ್ತರ ಅಳೆಯುತ್ತಿದ್ದ. ಏನು ನಡೆಸಿದ್ದೀರಿ ಎಂದು ಕೇಳಿದೆ. ತಲೆ ಎತ್ತದೆ, "ಎಂಟೂಕಾಲು ಇಂಚು ಐತ್ರಿ. ಈ ಬಿಲ್ಡಿಂಗು ಯಾರೋ ಎತ್ತರದ ಮನಷಾಗ ಹೊಲದದ್ದು," ಅಂದ.

ಆಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಜೂನಿಯರ್ ಇಂಜಿನಿಯರ್. ಶಾಲೆಯ ಕೋಣೆ, ಅಂಗನವಾಡಿ, ಪಂಚಾಯ್ತಿ ಕಟ್ಟಡಗಳ ನಕ್ಷೆ ಬರೆಯುವುದು, ಕೆಲಸ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಕೊಟ್ರೇಶಿಯ ಊರು ತಂಬ್ರಹಳ್ಳಿಯ ಆಚೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಬರುವ ತಪ್ಪು ಊರಿನದಕ್ಕಿಂತ ಹೆಚ್ಚು ನನ್ನದು. ಕೂಸಾಗಿದ್ದಾಗ ಬಂದ ಪೋಲಿಯೋದಿಂದ ಅವನ ಎರಡೂ ಕಾಲು ಸೊರಗಿದ್ದವು. ಕಾಲಲ್ಲಿ ತುಳಿಯುವ ಮಿಷನ್ನು ಅವನಿಗೆ ಆಗುತ್ತಿರಲಿಲ್ಲ. ಬಲಗೈಯಲ್ಲಿ ಚಕ್ರ ತಿರುವುತ್ತ, ಎಡಗೈಯಲ್ಲಿ ಬಟ್ಟೆ ಸರಿಸುತ್ತ ಹೊಲಿಯುತ್ತಿದ್ದ. ಅವನು ಹೊಲಿದ ಅಂಗಿಯ ಕಾಲರು ಹಡಗಲಿಯ ತನಕ ಹೆಸರು ಮಾಡಿತ್ತು. ಊರೆಲ್ಲ ಕೊಟ್ರೇಶಿ ಅನ್ನುತ್ತಿತ್ತು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನಾದ್ದರಿಂದ ನಾನು ಕೊಟ್ರೇಶಣ್ಣ ಅನ್ನುತ್ತಿದ್ದೆ.

ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಕಟ್ಟಡಗಳಿಗೂ ಒಂದೊಂದು ಹಾಳೆ ಇಟ್ಟಿದ್ದ. ಎದೆ, ಸೊಂಟ, ತೋಳು ಬರೆಯಬೇಕಾದ ಜಾಗದಲ್ಲಿ ಮೆಟ್ಟಿಲು, ಬಾಗಿಲು, ಕಟ್ಟೆ. ಪಕ್ಕದಲ್ಲಿ ತನ್ನದೇ ಷರಾ. ಬಾಗಿಲು ಕಿರಿದಾಗಿದ್ದರೆ 'ಕುತ್ತಿಗಿ ಬಿಗಿ'. ಅರ್ಜಿ ಕೊಡುವ ಕಿಟಕಿ ಕೈಗೆ ಎಟುಕದಿದ್ದರೆ 'ಜೇಬು ಹೆಗಲಮ್ಯಾಲ ಐತಿ'. ಮೇಲೆ ಹತ್ತಲು ಮೆಟ್ಟಿಲು ಬಿಟ್ಟು ಬೇರೆ ದಾರಿಯೇ ಇಲ್ಲದ ಎರಡು ಮಹಡಿಯ ಒಂದು ಭವ್ಯ ಕಚೇರಿಗೆ 'ಬಟ್ಟಿ ಭಾರಿ ಐತಿ, ನಮ್ಮ ಮೈಗಲ್ಲ' ಎಂದು ಬರೆದಿದ್ದ. ನಾನು ನಕ್ಕೆ. ಆಮೇಲೆ ಹಾಳೆ ತಿರುವಿದರೆ ನಾನೇ ಕಟ್ಟಿಸಿದ ಶಾಲೆ ಬಂತು.

ಆ ಶಾಲೆಗೆ ಇಳಿಜಾರು ದಾರಿ ಇತ್ತು. ನಕ್ಷೆಯಲ್ಲಿ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಎಂದು ನಿಯಮದಂತೆಯೇ ತೋರಿಸಿದ್ದೆ. ಕೆಲಸ ನಡೆಯುವಾಗ ಮೆಟ್ಟಿಲು, ಧ್ವಜದ ಕಟ್ಟೆ, ನೀರಿನ ಟಾಕಿ ಎಲ್ಲ ಕೂತ ಮೇಲೆ ಉಳಿದಷ್ಟು ಜಾಗದಲ್ಲಿ ಅದನ್ನು ತುರುಕಿದ್ದೆವು. ಫೋಟೋ ತೆಗೆದರೆ ಇಳಿಜಾರು ಕಾಣಬೇಕು, ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು. ಮೇಷ್ಟ್ರುಗಳ ಬೈಕು ಹತ್ತಿಸಲು ಅದು ಬಹಳ ಅನುಕೂಲವಾಗಿತ್ತು. ಕೊಟ್ರೇಶಿ ಒಂದು ದಿನ ನನ್ನನ್ನು ಅಲ್ಲಿಗೆ ಕರೆಸಿ, ದಾರದ ರೀಲೊಂದನ್ನು ನನ್ನ ಕೈಗೆ ಕೊಟ್ಟು ಮೇಲಿಂದ ಬಿಡಲು ಹೇಳಿದ. ಅದು ಉರುಳಿಕೊಂಡು ಗೇಟು ದಾಟಿ ಚರಂಡಿಗೆ ಬಿತ್ತು.

"ಆ ರೀಲಿನ ಜಾಗದಾಗ ನಾ ಅದೀನಿ ಅಂದ್ಕಳ್ರಿ," ಅಂದ.

"ಜಾಗ ಕಮ್ಮಿ ಬಿತ್ತು ಕೊಟ್ರೇಶಣ್ಣ."

"ಬಟ್ಟಿ ಕಮ್ಮಿ ಬಿತ್ತಂತ ಗಿರಾಕಿ ತೋಳು ಕತ್ತರಸ್ತೀರೇನ್ರಿ? ಮೊದ್ಲ ಮೈ ಅಳೀರಿ, ಆಮ್ಯಾಲ ಬಟ್ಟಿ ಹರೀರಿ. ನೀವು ಎಲ್ಲಾ ಹರದು, ಕಡೀಗಿ ಮೈ ಹುಡುಕ್ತೀರಿ."

ನಾನು ಐದು ವರ್ಷ ಓದಿದ್ದರಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ನಾಲ್ಕೇ ವರ್ಷದ ಕೋರ್ಸನ್ನು ನಾನು ಐದು ವರ್ಷ ಓದಿದ್ದು ಬೇರೆ ಮಾತು. ಅಂದಿನಿಂದ ಯಾವ ನಕ್ಷೆ ಬರೆದರೂ ಅವನ ಅಂಗಡಿಗೆ ಒಯ್ದು ತೋರಿಸುವುದು ರೂಢಿಯಾಯಿತು.

ಅವನಿಗೆ ಒಂದು ಹಟವಿತ್ತು. ಯಾರೂ ತನ್ನನ್ನು ಎತ್ತಬಾರದು. ಸಣ್ಣವನಿದ್ದಾಗ ಅಪ್ಪ ಹೆಗಲ ಮೇಲೆ ಶಾಲೆಗೆ ಒಯ್ಯುತ್ತಿದ್ದನಂತೆ, ಅದರ ಬಗ್ಗೆ ಬೇಸರವಿಲ್ಲ. ಪ್ರಾಯಕ್ಕೆ ಬಂದ ಮೇಲೆ ಒಂದು ಕಚೇರಿಯಲ್ಲಿ ಇಬ್ಬರು ಜವಾನರು ಕೇಳದೆಯೇ ಅವನನ್ನು ಎತ್ತಿ, ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ಮೇಜಿನ ಮೇಲೆ ಕೂರಿಸಿ ತಾವೂ ಹೊರಟುಹೋಗಿದ್ದರು. ಎರಡು ತಾಸು ಆ ಮೇಜಿನ ಮೇಲೇ ಇದ್ದ. "ಎತ್ತಿದವರು ತಮಗ ಬೇಕಾದಲ್ಲಿ ಇಳಸ್ತಾರ್ರಿ," ಎಂದು ಒಂದೇ ಸಲ ನನಗೆ ಹೇಳಿದ್ದ. ಮತ್ತೆ ಆ ವಿಷಯ ತೆಗೆಯಲಿಲ್ಲ.

ಊರಿಗೆ ಹೊಸ ಪಂಚಾಯ್ತಿ ಕಟ್ಟಡ ಮಂಜೂರಾದ ವರ್ಷವೇ ಚುನಾವಣೆಯೂ ಬಂತು. ಕೊಟ್ರೇಶಿ ತನ್ನ ಓಣಿಯಿಂದ ನಿಂತ. ಅವನು ಕೊಟ್ಟ ಮಾತು ಒಂದೇ: "ನನ್ನ ಆರಿಸಿ ಕಳಸ್ರಿ. ಯಾರ ಕೈಲೂ ಎತ್ತಿಸ್ಕಳ್ದಂಗ ಒಳಗ ಹೋಗಿ, ನಿಮ್ಮ ಪರವಾಗಿ ಕುಂದರ್ತೀನಿ." ಜನ ಗೆಲ್ಲಿಸಿದರು. ಒಳಗೆ ಓಡಾಡಲೆಂದು ಹೊಸಪೇಟೆಯಿಂದ ಗಾಲಿಕುರ್ಚಿ ತರಿಸಿಕೊಂಡ. ಕಟ್ಟಡದ ಕೆಲಸ ಶುರುವಾದ ದಿನದಿಂದ ಗಾರೆ ಕೆಲಸದ ಗೌಂಡಿ ಹುಲುಗಪ್ಪನ ಪಕ್ಕದಲ್ಲಿ ಆ ಕುರ್ಚಿ ಹಾಕಿಕೊಂಡು ಟೇಪು ಹಿಡಿದು ಕೂತ. ನೆಲದಿಂದ ಎರಡಡಿ ಎತ್ತರ ಬರಬೇಕಿದ್ದ ತಳಪಾಯವನ್ನು ಒಂದೂವರೆ ಅಡಿಗೆ ಇಳಿಸಿದೆವು. ಹದಿನೆಂಟು ಅಡಿ ಉದ್ದದ ಇಳಿಜಾರು, ತುದಿಯಲ್ಲಿ ಕುರ್ಚಿ ತಿರುಗಲು ಸಮತಟ್ಟು ಜಾಗ, ಎರಡು ಎತ್ತರದಲ್ಲಿ ಹಿಡಿಕೆ, ಮೂರಡಿ ಅಗಲದ ಬಾಗಿಲು. ಕೆಳಗಿನ ಅಂತಸ್ತಿನಲ್ಲೇ ಸಭಾಂಗಣ. ಹುಲುಗಪ್ಪ ಮೊದಮೊದಲು ಗೊಣಗಿದರೂ ಆಮೇಲೆ ತಾನೇ ದಾರದ ರೀಲು ಉರುಳಿಸಿ ನೋಡತೊಡಗಿದ. ನನ್ನ ನೌಕರಿಯಲ್ಲಿ ಅಷ್ಟು ಖುಷಿಯಿಂದ ಬೇರೆ ಯಾವ ಕೆಲಸವನ್ನೂ ಮಾಡಿಸಿಲ್ಲ.

ಹೊಸ ಕಟ್ಟಡದ ಪ್ರವೇಶದ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಹೋದರೆ, ಬಾಗಿಲಿಗೆ ಒಂದು ಕರಿಕಲ್ಲಿನ ಹೊಸ್ತಿಲು ಕೂತಿತ್ತು. ಪಂಚಾಯ್ತಿ ಅಧ್ಯಕ್ಷರು ಕೊಟ್ಟೂರಿನಲ್ಲಿ ಕಮಲದ ಹೂ ಕೆತ್ತಿಸಿ ತರಿಸಿದ್ದು. ನಾಲ್ಕು ಇಂಚಿಗಿಂತ ಚೂರು ಎತ್ತರ. ನಕ್ಷೆಯಲ್ಲಿ ನಾನು ಹೊಸ್ತಿಲು ತೋರಿಸಿರಲಿಲ್ಲ, ಬೇಡವೆಂದೂ ಬರೆದಿರಲಿಲ್ಲ. ನಮ್ಮ ಕಡೆ ಹೊಸ್ತಿಲಿಲ್ಲದ ಬಾಗಿಲನ್ನು ಯಾರೂ ಬಾಗಿಲೆಂದು ಒಪ್ಪುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

"ಅಧ್ಯಕ್ಷರು ಕೂಡ್ಸಂದ್ರು ಸಾಹೇಬ್ರ," ಅಂದ ಹುಲುಗಪ್ಪ. "ಹೊಸ್ತಿಲಿಲ್ದಿದ್ರ ಹೆಣ್ಮಕ್ಳು ಅರಿಷಿಣ ಕುಂಕುಮ ಎಲ್ಲಿ ಹಚ್ಬೇಕು, ಇದೇನು ದನದ ಕೊಟ್ಟಿಗೇನು ಅಂದ್ರು. ತೆಗಿ ಅಂದ್ರ ಈಗ್ಲೇ ತೆಗೀತೀನಿ. ಸಿಮೆಂಟು ಇನ್ನಾ ಹಸಿ ಐತಿ."

ಅಧ್ಯಕ್ಷರು ಅಲ್ಲೇ ಚಪ್ಪರದ ಕೆಳಗೆ ನಿಂತಿದ್ದರು. ನನಗೆ ಅವರೊಡನೆ ಜಗಳ ಬೇಕಿರಲಿಲ್ಲ. "ಇರ್ಲಿ ಬಿಡು. ನಾಲ್ಕು ಇಂಚು ತಾನೆ, ಯಾರಾದ್ರೂ ಎತ್ತಿ ದಾಟಿಸ್ತಾರೆ," ಅಂದೆ. ಅಂದ ಕೂಡಲೇ ಯಾರ ಬಗ್ಗೆ ಹೇಳುತ್ತಿದ್ದೇನೆ ಎನ್ನುವುದು ಗೊತ್ತಾಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕೊಟ್ರೇಶಿ ತಾನೇ ಹೊಲಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಅವನ ಓಣಿಯ ಜನ ಹಿಂದೆ ನಿಂತರು. ಹದಿನೆಂಟು ಅಡಿಯನ್ನೂ ನಿಧಾನವಾಗಿ, ಎಲ್ಲೂ ನಿಲ್ಲದೆ ಹತ್ತಿದ. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಮುಂದೆ ಕುರ್ಚಿ ನಿಂತಿತು. ಹೊಸ್ತಿಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಏರಿಸಿದ್ದರು. ಇಬ್ಬರು ಸದಸ್ಯರು ಓಡಿಬಂದು ಕುರ್ಚಿಗೆ ಕೈ ಹಾಕಿದರು. "ಬಿಡ್ರಿ," ಅಂದ. ಕೊರಳಿನ ಟೇಪು ತೆಗೆದು, ಬಾಗಿ, ಹೂವಿಗೆ ತಗುಲದಂತೆ ಕಲ್ಲಿನ ಎತ್ತರ ಅಳೆದ. ಪುಸ್ತಕದಲ್ಲಿ ಬರೆದುಕೊಂಡ. ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ನಾವು ಬಿಟ್ಟಿದ್ದ ಸಮತಟ್ಟು ಜಾಗದಲ್ಲಿ ಕುರ್ಚಿ ಸಲೀಸಾಗಿ ತಿರುಗಿತು. ಇಳಿದು ಹೋದ.

ಸಂಜೆ ಅವನ ಅಂಗಡಿಗೆ ಹೋಗಿ, "ಇದು ನನಗೆ ಗೊತ್ತೇ ಇರಲಿಲ್ಲ ಕೊಟ್ರೇಶಣ್ಣ," ಅಂದೆ. "ಹೂಂರಿ," ಅಂದು ಚಾ ತರಿಸಿದ.

ಪೂಜೆಯಾದ ಕಲ್ಲನ್ನು ಕೀಳಲು ಯಾರೂ ತಯಾರಿರಲಿಲ್ಲ. ಕೀಳಿರಿ ಎಂದು ಅವನೂ ಕೇಳಲಿಲ್ಲ. ಹೊಸ ಕಟ್ಟಡದಲ್ಲಿ ನಡೆದ ಮೊದಲ ಮೂರು ಸಭೆಗೂ ಬಂದು ಬಾಗಿಲಾಚೆ ಕುರ್ಚಿಯಲ್ಲೇ ಕೂತ. ಹಾಜರಿ ಪುಸ್ತಕವನ್ನು ಹೊರಗೆ ತಂದುಕೊಟ್ಟರೆ, "ಸಭಾ ಒಳಗ ನಡದೈತಿ, ಸಹಿ ಹೊರಗ ಹೆಂಗ ಹಾಕ್ಲಿ?" ಎಂದು ವಾಪಸು ಕಳಿಸಿದ. ಎತ್ತುತ್ತೇವೆ ಅಂದವರೇ ಬರಬರುತ್ತ, ಇವನದೇನು ಸೊಕ್ಕು ಅನ್ನತೊಡಗಿದರು. ನಾಲ್ಕನೆಯ ಸಭೆಗೆ ಅವನ ರಾಜೀನಾಮೆ ಬಂತು. ಎರಡೇ ಸಾಲು, ಕಾರಣವಿಲ್ಲ. ಸ್ವಲ್ಪ ದಿನಕ್ಕೆ ಮಿಷನ್ನು ಕಟ್ಟಿಕೊಂಡು ಹರಪನಹಳ್ಳಿಯ ತಂಗಿಯ ಮನೆಗೆ ಹೋದನೆಂದು ತಿಳಿಯಿತು.

ಮುಂದಿನ ಬೇಸಿಗೆಯಲ್ಲಿ ನಾನು ಹೇಗೋ ಧೈರ್ಯ ಮಾಡಿ, ಅಧ್ಯಕ್ಷರನ್ನೂ ಅಂದು ಪೂಜೆ ಮಾಡಿಸಿದ ಸ್ವಾಮಿಗಳನ್ನೂ ಕಂಡೆ. ಕಲ್ಲು ಅಲ್ಲೇ ಇರಲಿ, ನೆಲಕ್ಕೆ ಸಮನಾಗುವಂತೆ ಕೆಳಗೆ ಇಳಿಸೋಣ, ಹೂವು ಕುಂಕುಮ ಎಲ್ಲ ಹಾಗೇ ನಡೆಯಲಿ ಅಂದೆ. ಅದಕ್ಕೇನಂತೆ ಅಂದರು ಇಬ್ಬರೂ. ಹುಲುಗಪ್ಪನಿಗೆ ಅರ್ಧ ದಿನದ ಕೆಲಸ. ಒಬ್ಬರೂ ತಕರಾರು ಮಾಡಲಿಲ್ಲ. ತಕರಾರು ಆಗಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಫೋನಿನಲ್ಲಿ ಫೋಟೋ ತೆಗೆದುಕೊಂಡು ಹರಪನಹಳ್ಳಿಗೆ ಹೋದೆ. ತಂಗಿಯ ಮನೆಯ ಮುಂಗಟ್ಟಿನಲ್ಲೇ ಅಂಗಡಿ. ಶಾಲೆ ಶುರುವಾಗುವ ಕಾಲ, ಸುತ್ತ ಯೂನಿಫಾರ್ಮಿನ ನೀಲಿ ಬಟ್ಟೆ ಗುಡ್ಡೆ ಬಿದ್ದಿತ್ತು. "ಬರ್ರಿ ಸಾಹೇಬ್ರ, ತೆಳ್ಳಗಾಗೀರಿ," ಅಂದ. ಫೋಟೋ ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ಕಲ್ಲು, ನೆಲ ಕೂಡುವ ಜಾಗವನ್ನೇ ಬಹಳ ಹೊತ್ತು ನೋಡಿದ. "ಹುಲುಗಪ್ಪನ ಕೈ ಚಂದ ಐತಿ. ಹೊಲಿಗಿ ಕಾಣಂಗಿಲ್ಲ," ಅಂದು ಫೋನು ಕೊಟ್ಟ.

ನನಗೆ ಸುಮ್ಮನಿರಲಾಗಲಿಲ್ಲ. "ಕೊಟ್ರೇಶಣ್ಣ, ಅವತ್ತು ಸುಳ್ಳು ಹೇಳಿದೆ. ಕಲ್ಲು ಕೂಡಿಸಿದ್ದು ನನಗೆ ಹಿಂದಿನ ದಿನವೇ ಗೊತ್ತಿತ್ತು."

"ನನಗೂ ಗೊತ್ತಿತ್ರಿ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಲ್ಲು ಕೂಡ್ಸಿದ ದಿನಾನ ಹುಲುಗಪ್ಪ ಮನಿಗಿ ಬಂದು ಹೇಳಿದ್ದ. ನೀವು ಅಂದದ್ದೂ ಹೇಳಿದ. ಏನೋ ಬಾಯಿಗಿ ಬಂದದ್ದು ಅಂದಿರ್ತಾರ, ನಾ ಬರೂದ್ರಾಗ ತೆಗಿಸಿರ್ತಾರ ಅಂದ್ಕಂಡು ಬಂದಿದ್ನ್ರಿ."

ಅಷ್ಟು ಹೇಳಿ, ಒಂದು ನೀಲಿ ಚಡ್ಡಿಯನ್ನು ಸೂಜಿಯ ಕೆಳಗಿಟ್ಟು ಚಕ್ರ ತಿರುವಿದ. ನಾನು ಎದ್ದು ಬಂದೆ. ಆಮೇಲೂ ಕೆಲಸದ ಮೇಲೆ ಹರಪನಹಳ್ಳಿಗೆ ಹೋಗುತ್ತಿರುತ್ತೇನೆ. ಆ ಬೀದಿಗೆ ಮಾತ್ರ ಹೋಗುವುದಿಲ್ಲ.