ಮಳೆ ತಡೆದವರು ಅನ್ನಿಸಿಕೊಂಡ ಟೀಚರಮ್ಮ

ಟೀಚರಮ್ಮನ ಎರಡೂ ಕೈ ಮಣಿಕಟ್ಟಿನವರೆಗೆ ಹಾಲಿನಷ್ಟು ಬಿಳಿ. ಅಲ್ಲಿಂದ ಮೇಲಕ್ಕೆ ನಮ್ಮೆಲ್ಲರ ಹಾಗೆ ಎಣ್ಣೆಗಪ್ಪು. ತುಟಿಯ ಸುತ್ತ ಒಂದು ಬಿಳಿ ಗೆರೆ, ಎಡಗಣ್ಣಿನ ರೆಪ್ಪೆಯ ಮೇಲೆ ಜೋಳದ ಕಾಳಿನಷ್ಟು ಒಂದು ಮಚ್ಚೆ. ಹೈಸ್ಕೂಲಿನ ಮೊದಲ ದಿನ ವಿಜ್ಞಾನದ ಪಾಠಕ್ಕೆ ಬಂದವರು ಪುಸ್ತಕ ತೆಗೆಯಲಿಲ್ಲ. ಬೆಂಚಿನ ಹತ್ತಿರ ಬಂದು ಎರಡೂ ಕೈ ಚಾಚಿ, "ಇದು ತೊನ್ನು. ಅಂಟೋ ರೋಗ ಅಲ್ಲ. ಮುಟ್ಟಿ ನೋಡ್ರಿ, ಆಮೇಲೆ ಪಾಠ" ಅಂದರು. ಯಾರೂ ಮುಟ್ಟಲಿಲ್ಲ. ನಾನು ಗೋಡೆ ಬದಿಗೆ ಕುಳಿತಿದ್ದೆ, ಸರಿದುಕೊಳ್ಳಲು ಜಾಗ ಇರಲಿಲ್ಲ, ಮುಟ್ಟಿದೆ. ಅದನ್ನು ಅವರು ಧೈರ್ಯ ಅಂತ ಕೊನೆಯವರೆಗೂ ಎಲ್ಲರ ಮುಂದೆ ಹೇಳಿಕೊಂಡು ಬಂದರು. ನಾನು ಹುಟ್ಟಾ ಪುಕ್ಕಲಿ ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮೂರು ಇರುವುದು ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ. ಈ ಕಡೆ ಒಂದು ನಂಬಿಕೆ ಇದೆ, ಹೊರಗಿನವರಿಗೆ ಹೇಳಲು ನಾಚಿಕೆಯಾಗುತ್ತದೆ. ತೊನ್ನು ಇದ್ದವರನ್ನು ಸತ್ತ ಮೇಲೆ ಹೂಳಬಾರದು, ಹೂತರೆ ಮಳೆ ನಿಲ್ಲುತ್ತದೆ ಅಂತ. ಯಾರಾದರೂ ಹೂತಿದ್ದರೆ, ಮಳೆ ಕೈಕೊಟ್ಟ ವರ್ಷ ಅಗೆದು ತೆಗೆದು ಸುಡಬೇಕಂತೆ. ಪಕ್ಕದ ಹಳ್ಳಿಯಲ್ಲಿ ಹೀಗೆ ಮಾಡಿದ್ದನ್ನು ನಮ್ಮಜ್ಜಿ ರೊಟ್ಟಿ ತಟ್ಟುತ್ತಾ, ಎದುರು ಮನೆಯ ಎಮ್ಮೆ ಈದ ಸುದ್ದಿ ಹೇಳುವ ಹಾಗೆ ಹೇಳಿದ್ದಳು. ಟೀಚರಮ್ಮನದೋ, ಸತ್ತವರನ್ನು ಕೂರಿಸಿ ಸಮಾಧಿ ಮಾಡುವ ಮನೆತನ. ಹಾಗಾಗಿ ಅವರು ನಮ್ಮ ನಡುವೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ಅವರ ಹೆಣದ ಬಗ್ಗೆ ಊರು ಮಾತಾಡಿಕೊಳ್ಳುತ್ತಿತ್ತು. ಅವರಿಗೆ ಅದು ಗೊತ್ತಿತ್ತು.

ಮದುವೆಯಾಗಲಿಲ್ಲ. ತಮ್ಮನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಇದ್ದರು. ರಿಟೈರ್ ಆದ ಮೇಲೂ ಅಂಗಳದಲ್ಲಿ ಒಂದು ಮಳೆ ಅಳೆಯುವ ಡಬ್ಬಿ ನೆಟ್ಟುಕೊಂಡು, ದಿನಾ ಬೆಳಿಗ್ಗೆ ಎಂಟೂವರೆಗೆ ಅದನ್ನು ನೋಡುತ್ತಿದ್ದರು. ಬಿಸಿಲು ನೆತ್ತಿ ಸುಡುವ ಬೇಸಿಗೆಯಲ್ಲೂ ನೋಡಿ, ನೋಟ್‌ಬುಕ್ಕಿನಲ್ಲಿ "ಇಲ್ಲ" ಅಂತ ಬರೆಯುತ್ತಿದ್ದರು. "ಇಲ್ಲ ಅಂತ ಗೊತ್ತೇ ಐತಲ್ಲ ಟೀಚರಮ್ಮ, ಯಾಕೆ ನೋಡ್ತೀರಿ" ಅಂದರೆ, "ನೋಡದೆ ಬರೆದರೆ ಅದು ಇಲ್ಲ ಅಲ್ಲ, ಗೊತ್ತಿಲ್ಲ" ಅನ್ನುತ್ತಿದ್ದರು. ನೋಡಿ ಆದ ಮೇಲೆ ನನ್ನ ಹತ್ತಿರ ಬರುತ್ತಿದ್ದರು. ನಾನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ಪೇಪರಿನಲ್ಲಿ ಮೊದಲು ಹವಾಮಾನ, ಆಮೇಲೆ ಉಳಿದ ಲೋಕ. ಹೋಟೆಲಿನವನು ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ ಕೊಟ್ಟು, ಇವರಿಗೆ ಮಾತ್ರ ಪೇಪರ್ ಲೋಟದಲ್ಲಿ ಕಳಿಸುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅವರು ನಗುತ್ತಿದ್ದರು. "ಬಿಡಮ್ಮ, ನನಗೆ ದಿನಾ ಹೊಸ ಲೋಟ. ನಿನಗೆ ಊರ ಎಂಜಲು."

ಮಳೆ ಬಾರದ ಒಂದು ವರ್ಷ ಗ್ರಾಮಸಭೆಯಲ್ಲಿ ಗುಡ್ಡದ ಮೇಲಿನ, ಕರೆಂಟು ತಯಾರಿಸುವ ಗಾಳಿ ಫ್ಯಾನುಗಳ ಜಗಳ ಬಂತು. ಆಷಾಢದಲ್ಲಿ ನಮ್ಮ ಕಡೆ ಮೋಡಗಳು ಓಡುತ್ತವೆ, ಹನಿ ಬೀಳುವುದಿಲ್ಲ. ಅದೇ ಹೊತ್ತಿಗೆ ಫ್ಯಾನುಗಳೂ ಬಿರ್ರನೆ ತಿರುಗುತ್ತವೆ. ಫ್ಯಾನೇ ಮೋಡ ಓಡಿಸುತ್ತಿದೆ ಅಂತ ಊರು ನಂಬಿಬಿಟ್ಟಿತ್ತು. ಕಿತ್ತುಹಾಕಿಸಬೇಕು ಅಂತ ಯಜಮಾನರು ಎದ್ದು ಹೇಳಿದರು. ಯಜಮಾನರು ಅಂದರೆ ನಮ್ಮೂರಿನ ಹಿರೇತಲೆ, ಅವರ ಮಾತಿಗೆ ಎದುರಿಲ್ಲ. ಟೀಚರಮ್ಮ ಎದ್ದರು.

"ಎಲೆ ಅಲ್ಲಾಡಿದ್ದಕ್ಕೆ ಗಾಳಿ ಬರುತ್ತೋ, ಗಾಳಿ ಬಂದಿದ್ದಕ್ಕೆ ಎಲೆ ಅಲ್ಲಾಡುತ್ತೋ? ಫ್ಯಾನೂ ಹಂಗೇ ಕಣ್ರಪ್ಪ" ಅಂದರು. ಆಮೇಲೆ, ಇಡೀ ಭೂಮಿಯೇ ಬಿಸಿಯಾಗುತ್ತಿದೆ, ಮಳೆ ತನ್ನ ಹೊತ್ತು ತಪ್ಪುತ್ತಿದೆ, ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂತಿದೆ, ಆ ಕಂಬಳಿ ವರ್ಷ ವರ್ಷ ದಪ್ಪ ಆಗುತ್ತಿದೆ ಅಂತ ವಿವರಿಸಿದರು. ಜನ ಕೇಳಿಸಿಕೊಳ್ಳುತ್ತಿದ್ದರು. ನಿಜವಾಗಿ ಕೇಳಿಸಿಕೊಳ್ಳುತ್ತಿದ್ದರು.

ಆಗ ವಕೀಲರು ಎದ್ದರು. ನಮ್ಮೂರಿನವರೇ, ಚಿತ್ರದುರ್ಗದ ಕೋರ್ಟಿನಲ್ಲಿ ಪ್ರಾಕ್ಟೀಸು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಮೆತ್ತಗಿನ ಮಾತು.

"ಟೀಚರಮ್ನೋರೆ, ನಮ್ಮ ತಾತನ ಕಾಲದಾಗೂ ಬರ ಬಂದಿತ್ತು. ಆಗ ಯಾವ ಕಾರಿತ್ತು? ಯಾವ ಫ್ಯಾಕ್ಟರಿ ಇತ್ತು?"

"ಬಂದಿತ್ತು, ಸರಿ. ಮನುಷ್ಯಗೆ ಜ್ವರ ಬಂದು ಹೋಗೋದು ಇದ್ದದ್ದೇ. ಬಂದ ಜ್ವರ ಇಳಿಯದೆ ದಿನಾ ಏರ್ತಾ ಹೋದ್ರೆ ಹಂಗೇ ಬಿಡ್ತೀರಾ?"

"ಅದಿರಲಿ. ಈ ವರ್ಷ ನಮ್ಮೂರಿಗೆ ಮಳೆ ಕೈಕೊಟ್ಟಿದ್ದು ಅದರಿಂದಲೇ ಅಂತ ಬರೆದುಕೊಡ್ತೀರಾ?"

ಹೂಂ ಅಂದುಬಿಡಿ ಟೀಚರಮ್ಮ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಒಂದು ಊರಿನ ಒಂದು ವರ್ಷದ ಮಳೆ ಬಗ್ಗೆ ಹಂಗೆ ಹೇಳೋಕೆ ಬರಲ್ಲ" ಅಂದರು. "ಬಹಳ ವರ್ಷ, ಬಹಳ ಊರು ನೋಡಿ ಹೇಳ್ಬೇಕು. ಅದನ್ನ ನೋಡಿಯೇ ಹೇಳ್ತಿದೀನಿ."

ಎರಡನೇ ಮಾತು ಯಾರಿಗೂ ಕೇಳಿಸಲಿಲ್ಲ. ವಕೀಲರು ಆಗಲೇ ಜನರ ಕಡೆ ತಿರುಗಿ, "ಕೇಳಿದ್ರಲ್ಲ? ಅವರಿಗೇ ಗ್ಯಾರಂಟಿ ಇಲ್ಲ. ಒಬ್ಬ ವಿಜ್ಞಾನಿ ಒಂದಂತಾನೆ, ಇನ್ನೊಬ್ಬ ಇನ್ನೊಂದಂತಾನೆ. ಅವರವರ ಅಭಿಪ್ರಾಯ" ಅಂದಿದ್ದರು. ಜನ ನಕ್ಕರು. ಹಿಂದಿನಿಂದ ಯಾವನೋ, "ಮಳೆ ಯಾಕೆ ಬರಲ್ಲ ಅಂತ ಕೈಮೇಲೇ ಬರ್ಕೊಂಡವ್ರೆ, ಇನ್ನೇನು ಕೇಳೋದು" ಅಂದ. ನಗು ಇನ್ನೂ ಜೋರಾಯಿತು. ಹೋಟೆಲಿನ ಪೇಪರ್ ಲೋಟಕ್ಕೆ ಸಿಟ್ಟಾಗುತ್ತಿದ್ದ ನಾನು ಅಂದು ಸಿಟ್ಟಾಗಲಿಲ್ಲ, ಹೆದರಿದೆ. ನಕ್ಕವರಲ್ಲಿ ಅರ್ಧ ಜನ ಅವರ ಹತ್ತಿರ ಓದಿದವರು.

ವಾಪಸು ಬರುವಾಗ ಕೇಳಿದೆ. "ಹೌದು ಅಂದುಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು?"

"ನಾನು ಸುಳ್ಳು ಹೇಳಿ ಗೆದ್ರೆ, ನಾಳೆ ಅವರು ಸುಳ್ಳು ಹೇಳಿದಾಗ ಯಾವ ಬಾಯಿಂದ ಕೇಳ್ಲಿ?" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ನಾನು ಸತ್ರೆ ನಮ್ಮವ್ವನ ಪಕ್ಕದಾಗೆ ಇಡ್ರಿ. ಸುಡಬ್ಯಾಡ್ರಿ. ತಮ್ಮ ಹೆದರ್ತಾನೆ, ನೀನು ಹೇಳ್ಬೇಕು" ಅಂದರು.

"ಆಮೇಲೆ ಮಳೆ ಹೋದ್ರೆ ಟೀಚರಮ್ಮ?"

"ಹೋದ್ರೆ ಅಗೆಯೋಕೆ ಬರ್ತಾರೆ. ನೀನು ಧೈರ್ಯಸ್ತೆ ಅಲ್ವಾ, ಅಡ್ಡ ನಿಲ್ಲು" ಅಂತ ನಕ್ಕರು. ಆಮೇಲೆ ನಗು ನಿಂತಿತು. "ನನಗೂ ಹೆದರಿಕೆ ಐತಮ್ಮ. ನನ್ನ ಹೆಣಕ್ಕೆ ಏನು ಮಾಡ್ತಾರೆ ಅಂತಲ್ಲ. ಮಳೆ ಇನ್ನೂ ಕೆಡುತ್ತೆ, ಅದು ನನಗೆ ಗೊತ್ತು. ಆಗ ಈ ಜನ ಏನೇನು ಮಾಡ್ತಾರೋ ಅಂತ."

ಅವರ ಬಾಯಿಂದ ಹೆದರಿಕೆ ಅನ್ನುವ ಮಾತು ನಾನು ಕೇಳಿದ್ದು ಅದೊಂದೇ ಸಲ. ಅಂದಿನಿಂದ ಆ ಹೆದರಿಕೆ ನನ್ನದೂ ಆಯಿತು.

ಮುಂದಿನ ಬೇಸಿಗೆಯಲ್ಲಿ ಹೋದರು. ಎರಡು ದಿನದ ಜ್ವರ, ಮೂರನೆಯ ದಿನ ಇಲ್ಲ. ಸುಟ್ಟುಬಿಡಾಣ ಅಂತ ಯಜಮಾನರು ಹೇಳಿ ಕಳಿಸಿದರು. ಟೀಚರಮ್ಮನ ತಮ್ಮ ನನ್ನ ಮುಖ ನೋಡಿದ. ನಾನು ಅವರ ಆಸೆ ಹೇಳಿದೆ. ಮಠದಿಂದ ಅಯ್ಯನವರು ಬಂದರು, ವಿಭೂತಿ ಇಟ್ಟು, ಹೊಲದ ಬದುವಿನಲ್ಲಿ ತಾಯಿಯ ಪಕ್ಕ ಕೂರಿಸಿ ಮಣ್ಣು ಕೊಟ್ಟೆವು. ಬಂದಿದ್ದವರು ಇಪ್ಪತ್ತು ಜನ ಇರಬಹುದು. ಒಬ್ಬರೂ ಊಟಕ್ಕೆ ನಿಲ್ಲಲಿಲ್ಲ.

ಆಮೇಲೆ ನಾನು ಮೋಡ ನೋಡುವುದೇ ಕೆಲಸ ಮಾಡಿಕೊಂಡೆ. ರೋಹಿಣಿ ಮಳೆ ಒಣಗಿತು. ಮೃಗಶಿರಾ ಒಣಗಿತು. ಆರಿದ್ರಾ ಹುಟ್ಟಿ ಒಂದು ವಾರವಾದರೂ ಗಾಳಿಯೊಂದೇ. ಲೈಬ್ರರಿಯ ಬಾಗಿಲಿನಿಂದ ಅರಳೀಕಟ್ಟೆ ಕಾಣುತ್ತದೆ. ಮೊದಮೊದಲು ಅಲ್ಲಿ ಮಾತು ಕೇಳಿಸುತ್ತಿತ್ತು, ಬರುಬರುತ್ತಾ ನಾನು ಹೊರಗೆ ಬಂದರೆ ಮಾತು ನಿಲ್ಲತೊಡಗಿತು. ದೇವರೇ, ಒಂದು ಹದ ಮಳೆ ಕೊಡು, ಅವರನ್ನು ಹಾಗೇ ಇರಲು ಬಿಡು ಅಂತ ಹರಕೆ ಹೊತ್ತೆ. ಟೀಚರಮ್ಮ ಇದ್ದಿದ್ದರೆ ಬೈಯುತ್ತಿದ್ದರು.

ಒಂದು ಮಧ್ಯಾಹ್ನ ಟ್ರ್ಯಾಕ್ಟರ್ ಹೊಲದ ಕಡೆ ಹೋಯಿತು. ಗುದ್ದಲಿ, ಪಿಕಾಸಿ, ಹಳೇ ಟೈರು, ಡೀಸೆಲ್ ಕ್ಯಾನು. ನಾನು ಬಾಗಿಲು ಹಾಕದೆಯೇ ಓಡಿದೆ. ಹದಿನೈದು ಜನ ಇದ್ದರು, ಎಲ್ಲರೂ ಹೆಸರು ಹಿಡಿದು ಕರೆಯುವಷ್ಟು ಗುರುತಿನವರು. ಟೀಚರಮ್ಮನ ತಮ್ಮ ಬದುವಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. "ಹೋಗ್ಲಿ ಬಿಡಕ್ಕ. ನಾಳೆ ನನ್ನ ಮಕ್ಕಳು ಇದೇ ಊರಾಗೆ ಬಾಳ್ಬೇಕು" ಅಂದ. ನಾನು ಸಮಾಧಿಯ ಮುಂದೆ ನಿಂತೆ. ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿದೆ. ಓದಿದವರು, ಅವರೊಂದು ಮಾತು ಹೇಳಿದರೆ ನಿಲ್ಲುತ್ತಾರೆ ಅಂತ.

"ಕಾನೂನಿನ ಪ್ರಕಾರ ತಪ್ಪೇ ತಾಯಿ" ಅಂದರು. "ನಾನೂ ಇದನ್ನೆಲ್ಲ ನಂಬಲ್ಲ. ಆದ್ರೆ ಜನರ ನಂಬಿಕೆಗೆ ಅಡ್ಡ ಹೋಗೋಕಾಗುತ್ತಾ? ಅವರವರ ಅಭಿಪ್ರಾಯ."

ಯಜಮಾನರು ಹತ್ತಿರ ಬಂದರು. ಅವರಿಗೆ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿದ್ದು. "ಸರಿದುಕೊಳ್ಳಮ್ಮ. ನಮಗೇನು ಅವರ ಮೇಲೆ ದ್ವೇಷ ಐತಾ? ನನ್ನ ಮಗಳಿಗೂ ಅವರೇ ಪಾಠ ಹೇಳಿದ್ದು. ದನಕ್ಕೆ ಮೇವಿಲ್ಲ, ಬೋರು ಬತ್ತೈತೆ. ಭೂಮಿ ಬಿಸಿ ಆಗೈತೆ ಅಂತಿದ್ರು ಅವರು, ಅದನ್ನ ನಾವು ಹೆಂಗೆ ಆರಿಸಾಣ? ಇದಾದ್ರೆ ನಮ್ಮ ಕೈಲಿ ಆಗೋ ಕೆಲಸ."

ಠಾಣೆಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಾನೂ ಅದೇ ಊರಲ್ಲಿ ಬಾಳಬೇಕಲ್ಲ. ಇಬ್ಬರು ಹೆಂಗಸರು ಬಂದು ರಟ್ಟೆ ಹಿಡಿದುಕೊಂಡರು, ನಾನು ಸರಿದುಬಿಟ್ಟೆ. ಎಳೆದರು ಅಂತ ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಎಳೆಯಲಿಲ್ಲ, ಹಿಡಿದುಕೊಂಡರು ಅಷ್ಟೇ. ಸರಿದವಳು ನಾನೇ. ಗುದ್ದಲಿಯ ಸದ್ದು ಶುರುವಾದಾಗ ಬೆನ್ನು ಹಾಕಿ ನಿಂತೆ. ಆಮೇಲೆ ಟೈರಿನ ಕಪ್ಪು ಹೊಗೆ ನನ್ನ ತಲೆಯ ಮೇಲಿಂದ ಹಾದು ಫ್ಯಾನುಗಳ ಗುಡ್ಡದ ಕಡೆ ಹೋಯಿತು. ಮಳೆ ಬರಲಿ ಅಂತ ಡೀಸೆಲ್ಲು ಸುಡುತ್ತಿದ್ದರು. ಅದನ್ನು ನೋಡಿ ನಗಬಲ್ಲವರು ಊರಲ್ಲಿ ಒಬ್ಬರೇ ಇದ್ದರು.

ನಾಲ್ಕನೆಯ ದಿನ ಮಳೆ ಬಂತು.

ಅಂತಿಂಥ ಮಳೆಯಲ್ಲ. ಹಳ್ಳ ಹರಿಯಿತು, ಒಣಗಿದ್ದ ಕೆರೆಗೆ ಕೆಂಪು ನೀರು ನುಗ್ಗಿತು, ಜನ ಬೀದಿಗೆ ಬಂದು ನೆನೆದರು. ನಾನು ಬಾಗಿಲ ಚಿಲಕ ಹಾಕಿಕೊಂಡು ಒಳಗೆ ಕುಳಿತೆ. ಹೆಂಚಿನ ಮೇಲೆ ಅದು ಧೋ ಅಂತ ಸುರಿಯುತ್ತಿದ್ದರೆ ನನಗೆ ಚಳಿಜ್ವರ ಬಂದ ಹಾಗಾಯಿತು. ಆ ಮಳೆಗೆ ಹೆದರಿದಷ್ಟು ನಾನು ಯಾವ ಬರಕ್ಕೂ ಹೆದರಿಲ್ಲ.

ಮಾರನೆಯ ದಿನ ಲೈಬ್ರರಿಗೆ ಹೋಗುವಾಗ ಅರಳೀಕಟ್ಟೆಯ ಮೇಲಿಂದ ಯಜಮಾನರು ಕೂಗಿದರು. "ಏನಮ್ಮ, ಈಗ ಏನಂತೀಯ?"

ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಸುಮ್ಮನೆ ಹೋಗಿಬಿಡಬಹುದಿತ್ತು. ಹೊಲದಲ್ಲಿ ಆಡದ ಮಾತು ಆಗ ಬಾಯಿಗೆ ಬಂತು.

"ಸಮುದ್ರದಾಗೆ ವಾಯುಭಾರ ಕುಸಿದೈತೆ, ವಾರದೊಳಗೆ ಮಳೆ ಬರುತ್ತೆ ಅಂತ ನೀವು ಗುದ್ದಲಿ ಎತ್ತೋಕೆ ಎರಡು ದಿನ ಮುಂಚೆಯೇ ಪೇಪರ್ನಾಗೆ ಬಂದಿತ್ತು ಯಜಮಾನ್ರೆ. ಹೊಳಲ್ಕೆರೆಗೂ ಬಂತು, ಹಿರಿಯೂರಿಗೂ ಬಂತು, ಮಾರಿಕಣಿವೆಗೂ ಬಂತು. ಅಲ್ಲೆಲ್ಲ ಯಾರನ್ನ ಅಗೆದಿದ್ರು?"

ಪೂರ್ತಿ ಹೇಳಿದೆ. ಪೇಪರ್ ತಂದು ತೋರಿಸಿದೆ. ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. "ಅದು ನಿನ್ನ ಅಭಿಪ್ರಾಯ ಬಿಡು" ಅಂದರು ಯಜಮಾನರು, ಅಕ್ಕರೆಯಿಂದಲೇ. ಟೀಚರಮ್ಮ ನನಗೆ ಕಲಿಸಿದ್ದನ್ನು ಊರ ಮುಂದೆ ಒಂದು ಸಲ ಹೇಳಿದೆ. ಅವರ ಋಣ ಅಷ್ಟಕ್ಕೆ ತೀರುವುದಿಲ್ಲ, ಗೊತ್ತು.

ಈ ವರ್ಷ ಮತ್ತೆ ಆರಿದ್ರಾ ಮುಗಿಯುತ್ತಾ ಬಂದಿದೆ, ನೆಲ ಕಾದ ಹಂಚಿನ ಹಾಗಿದೆ. ಅಗೆದು ಸುಡಲು ಮಣ್ಣಿನಲ್ಲಿ ಈಗ ಅಂಥವರು ಯಾರೂ ಉಳಿದಿಲ್ಲ. ನಮ್ಮೂರಿನಲ್ಲಿ ಒಬ್ಬ ಟೈಲರ್ ಇದ್ದಾನೆ, ಅರವತ್ತು ದಾಟಿದೆ, ಎಂಥ ಸೆಕೆಯಲ್ಲೂ ತುಂಬುತೋಳಿನ ಅಂಗಿ. ಮೊನ್ನೆ ಲೈಬ್ರರಿಯಲ್ಲಿ ಯಾರೂ ಇಲ್ಲದ್ದು ನೋಡಿ ಒಳಗೆ ಬಂದ. ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳಿ, ಎಡಗೈ ತೋಳು ಮೇಲಕ್ಕೆ ಸರಿಸಿ ತೋರಿಸಿದ. ಮೊಣಕೈವರೆಗೂ ಬೆಳ್ಳಗಿತ್ತು.

"ಅಕ್ಕ, ಅರಳೀಕಟ್ಟೆ ಮೇಲೆ ನನ್ನ ವಯಸ್ಸು ಎಷ್ಟು ಅಂತ ಕೇಳ್ತಾವ್ರೆ" ಅಂದ.